ಇಷ್ಟವೂ ಆಯಿತು, ಬೇಸರವೂ ಆಯಿತು: ಓದುಗರ ಸಿನಿಮಾ ಪ್ರಶ್ನೆಗಳಿಗೆ ಉತ್ತರ

ಈ ಸಲ ಬಂದ ಪತ್ರಗಳಲ್ಲಿ ಹೆಚ್ಚಿನವು, ಇತ್ತೀಚೆಗೆ ನೋಡಿದ ಸಿನಿಮಾಗಳ ಬಗ್ಗೆ ಒಂದೇ ಮಾತಿನಲ್ಲಿ ಅಭಿಪ್ರಾಯ ಹೇಳಲಾಗದ ಇಕ್ಕಟ್ಟನ್ನು ಕುರಿತವು. ಅವುಗಳಲ್ಲಿ ಐದನ್ನು ಆರಿಸಿಕೊಂಡಿದ್ದೇನೆ.

ಪ್ರಶ್ನೆ: ಕಳೆದ ಹದಿನೈದು ದಿನಗಳಲ್ಲಿ ಮೂರು ಸಿನಿಮಾ ನೋಡಿದೆ. ಮೊದಲನೆಯದು ಮರೆವಿನ ಕಾಯಿಲೆಗೆ ತುತ್ತಾದ ತಂದೆ ಮತ್ತು ಅವನ ಮಗಳ ಕಥೆ. ಅಭಿನಯ ಬಹಳ ಚೆನ್ನಾಗಿತ್ತು, ಆದರೆ ಕೊನೆಯ ಇಪ್ಪತ್ತು ನಿಮಿಷಗಳಲ್ಲಿ ಎಲ್ಲರೂ ಎಲ್ಲರನ್ನೂ ಕ್ಷಮಿಸಿಬಿಡುವುದನ್ನು ಸಹಿಸಲಾಗಲಿಲ್ಲ. ಎರಡನೆಯದು ಅಪರಾಧದ ಕಥೆ. ಛಾಯಾಗ್ರಹಣವೂ ಸಂಕಲನವೂ ಕಣ್ಣು ಕೀಳಲು ಬಿಡಲಿಲ್ಲ, ಆದರೆ ಅದರಲ್ಲಿನ ಹೆಂಗಸರೆಲ್ಲ ಕೊಲೆಯಾಗುವುದಕ್ಕೆಂದೇ ಬಂದುಹೋದರು. ಮೂರನೆಯದು ಎಲ್ಲರೂ ಹೊಗಳಿದ ಹಾಸ್ಯಚಿತ್ರ. ನನಗೆ ನಗುವೇ ಬರಲಿಲ್ಲ, ಆದರೂ ಅದನ್ನು ಕೆಟ್ಟ ಚಿತ್ರ ಎನ್ನಲು ಮನಸ್ಸು ಒಪ್ಪುತ್ತಿಲ್ಲ. ‘ಚೆನ್ನಾಗಿದೆಯೋ ಇಲ್ಲವೋ’ ಎಂದು ಕೇಳುವವರಿಗೆ ಏನು ಹೇಳಲಿ? ನನಗೆ ತೀರ್ಮಾನಿಸುವ ಶಕ್ತಿಯೇ ಇಲ್ಲವೇ?

ಉತ್ತರ: ಶಕ್ತಿ ಇಲ್ಲದವರು ಇಷ್ಟು ಸ್ಪಷ್ಟವಾಗಿ ಪತ್ರ ಬರೆಯಲಾರರು. ಪ್ರತಿ ಚಿತ್ರದಲ್ಲಿಯೂ ಯಾವುದು ಹಿಡಿಸಿತು, ಯಾವುದು ಕೆಡಿಸಿತು ಎಂಬುದನ್ನು ನೀವಾಗಲೇ ಬೇರ್ಪಡಿಸಿ ಹೇಳಿದ್ದೀರಿ. ಅವೆರಡನ್ನೂ ಕೂಡಿಸಿ ಎರಡರಿಂದ ಭಾಗಿಸಿದರೆ ಬರುವ ಉತ್ತರಕ್ಕಿಂತ ನಿಮ್ಮ ಪತ್ರವೇ ಆ ಚಿತ್ರಗಳ ಬಗ್ಗೆ ಹೆಚ್ಚು ತಿಳಿಸುತ್ತದೆ. ‘ಪರವಾಗಿಲ್ಲ, ಸುಮಾರಾಗಿದೆ’ ಎಂದುಬಿಟ್ಟರೆ ಮಗಳ ಪಾತ್ರದ ಅಭಿನಯವೂ ಮರೆಯಾಗುತ್ತದೆ, ಕೊನೆಯ ಇಪ್ಪತ್ತು ನಿಮಿಷಗಳ ತಪ್ಪೂ ಮರೆಯಾಗುತ್ತದೆ.

ಸುಖ ಮತ್ತು ದುಃಖ ಒಂದೇ ತಕ್ಕಡಿಯ ಎರಡು ತಟ್ಟೆಗಳು, ಒಂದು ಮೇಲೇರಿದರೆ ಇನ್ನೊಂದು ಇಳಿಯಲೇಬೇಕು ಎಂಬ ಎಣಿಕೆ ಮನಶ್ಶಾಸ್ತ್ರದಲ್ಲಿಯೂ ಬಹುಕಾಲ ಪ್ರಬಲವಾಗಿತ್ತು. 2001ರಲ್ಲಿ ಜೆಫ್ ಲಾರ್ಸನ್, ಪೀಟರ್ ಮೆಕ್‌ಗ್ರಾ ಮತ್ತು ಜಾನ್ ಕಸಿಯೊಪ್ಪೊ ಎಂಬ ಸಂಶೋಧಕರು ಇದನ್ನು ಪರೀಕ್ಷಿಸಲು ಆರಿಸಿಕೊಂಡ ಸಂದರ್ಭಗಳಲ್ಲಿ ಒಂದು ಚಿತ್ರಮಂದಿರವೇ ಆಗಿತ್ತು. ನಾಜಿ ಶಿಬಿರದಲ್ಲಿ ಸಿಲುಕಿದ ತಂದೆ ತನ್ನ ಪುಟ್ಟ ಮಗನಿಗೆ ಇದೆಲ್ಲವೂ ಒಂದು ಆಟವೆಂದು ನಂಬಿಸುವ 1997ರ ಇಟಾಲಿಯನ್ ಚಿತ್ರ ‘ಲೈಫ್ ಈಸ್ ಬ್ಯೂಟಿಫುಲ್’ ನೋಡಲು ಬಂದವರನ್ನು ಅವರು ಮಾತನಾಡಿಸಿದರು. ಕೆಲವರನ್ನು ಒಳಗೆ ಹೋಗುವ ಮುನ್ನ ಕೇಳಿದರು, ಕೆಲವರನ್ನು ನೋಡಿ ಹೊರಬಂದ ಮೇಲೆ ಕೇಳಿದರು. ಆ ಗಳಿಗೆಯಲ್ಲಿ ತಾವು ಸಂತೋಷವಾಗಿಯೂ ಇದ್ದೇವೆ, ದುಃಖದಲ್ಲಿಯೂ ಇದ್ದೇವೆ ಎಂದವರು ಹೊರಬಂದವರಲ್ಲಿ ಬಹಳ ಹೆಚ್ಚು. ಆದ್ದರಿಂದ ಎರಡು ಭಾವಗಳು ಒಟ್ಟಿಗೇ ಎದೆಯಲ್ಲಿರುವುದನ್ನು ಗೊಂದಲವೆಂದು ತಿಳಿಯಬೇಕಾಗಿಲ್ಲ.

ಆದರೆ ನಿಮ್ಮ ಮೂರು ಚಿತ್ರಗಳ ಮಿಶ್ರ ಅನುಭವ ಒಂದೇ ಜಾತಿಯದಲ್ಲ, ಇದನ್ನು ಗಮನಿಸಬೇಕು.

ಮೊದಲನೆಯದರಲ್ಲಿ ನಿಮ್ಮನ್ನು ಕಾಡುತ್ತಿರುವುದು ಕೊನೆ. ಬಾರ್ಬರಾ ಫ್ರೆಡ್ರಿಕ್ಸನ್ ಮತ್ತು ಡೇನಿಯಲ್ ಕಾಹ್ನೆಮನ್ 1993ರಲ್ಲಿ ಪ್ರಕಟಿಸಿದ ಅಧ್ಯಯನವೊಂದರಲ್ಲಿ ಜನರಿಗೆ ಚಿಕ್ಕಚಿಕ್ಕ ಚಿತ್ರತುಣುಕುಗಳನ್ನು, ಕೆಲವು ಹಿತವಾದವು, ಕೆಲವು ಅಸಹ್ಯವಾದವು, ಬೇರೆ ಬೇರೆ ಅವಧಿಗಳಲ್ಲಿ ತೋರಿಸಲಾಯಿತು. ನೋಡಿ ಮುಗಿಸಿದ ಮೇಲೆ ಅವರು ಕೊಟ್ಟ ಅಂಕಗಳು ತುಣುಕು ಎಷ್ಟು ಹೊತ್ತು ನಡೆಯಿತು ಎಂಬುದನ್ನು ಹೆಚ್ಚೇನೂ ಅವಲಂಬಿಸಿರಲಿಲ್ಲ. ಅತಿ ತೀವ್ರವಾದ ಕ್ಷಣ ಮತ್ತು ಕೊನೆಯ ಕ್ಷಣ, ಇವೆರಡೇ ಅಂಕಗಳನ್ನು ಬಹುಮಟ್ಟಿಗೆ ನಿರ್ಧರಿಸಿದ್ದವು. ಇಡೀ ನೂರು ನಿಮಿಷ ನಿಮ್ಮನ್ನು ಹಿಡಿದಿಟ್ಟ ಚಿತ್ರವನ್ನು ಕೊನೆಯ ಇಪ್ಪತ್ತು ನಿಮಿಷಗಳು ನುಂಗಿಹಾಕುವುದಕ್ಕೆ ಇದೊಂದು ಕಾರಣವಿರಬಹುದು. ಹಾಗೆಂದು ಕೊನೆಯನ್ನು ಮನ್ನಿಸಿಬಿಡಿ ಎನ್ನುತ್ತಿಲ್ಲ. ಆ ತಂದೆಗೆ ಮಗಳ ಹೆಸರೇ ನೆನಪಿಲ್ಲದಿರುವಾಗ ಅವನು ಕ್ಷಮೆ ಕೇಳುವುದಾದರೂ ಯಾವುದಕ್ಕೆ ಎಂಬ ಪ್ರಶ್ನೆಯನ್ನು ಚಿತ್ರವೇ ಎತ್ತಿ, ಉತ್ತರಿಸದೆ ಜಾರಿಕೊಂಡಿದ್ದರೆ ನಿಮ್ಮ ಸಿಟ್ಟು ನ್ಯಾಯವಾದದ್ದೇ. ಆದರೆ ನಾಲ್ಕು ದಿನ ಬಿಟ್ಟು ನಡುಭಾಗವನ್ನು ನೆನಪಿಸಿಕೊಂಡು, ಆಮೇಲೆ ಮಾತನಾಡಿ. ಆಗ ಸಿಟ್ಟು ಉಳಿದರೂ ನಡುಭಾಗಕ್ಕೆ ಸಲ್ಲಬೇಕಾದದ್ದು ಸಲ್ಲುತ್ತದೆ.

ಎರಡನೆಯ ಚಿತ್ರದ್ದು ಇದಕ್ಕಿಂತ ಕಠಿಣವಾದ ಸಮಸ್ಯೆ. ಕುಶಲತೆ ಒಂದು ಕಡೆ, ಆ ಕುಶಲತೆ ಯಾವುದರ ಸೇವೆಗೆ ನಿಂತಿದೆ ಎಂಬುದು ಇನ್ನೊಂದು ಕಡೆ. ಇವೆರಡೂ ಬೇರೆ, ಒಂದನ್ನು ಹೊಗಳಿ ಇನ್ನೊಂದನ್ನು ತೆಗಳಿದರಾಯಿತು ಎಂದು ಸಲಹೆ ಕೊಡುವವರಿದ್ದಾರೆ. ನನಗೆ ಆ ಸಲಹೆ ಸಾಲದು. ಕ್ಯಾಮೆರಾ ಎಲ್ಲಿ ನಿಲ್ಲುತ್ತದೆ, ಸತ್ತವಳ ಮುಖದ ಮೇಲೆ ಎಷ್ಟು ಹೊತ್ತು ತಂಗುತ್ತದೆ, ಅವಳಿಗಾಗಿ ಅಳುವವರನ್ನು ತೋರಿಸುವ ಮೊದಲೇ ಕತ್ತರಿ ಬೀಳುತ್ತದೆಯೇ, ಇವೆಲ್ಲ ಛಾಯಾಗ್ರಹಣ ಮತ್ತು ಸಂಕಲನದ ತೀರ್ಮಾನಗಳೇ. ನಿಮ್ಮ ಕಣ್ಣನ್ನು ಕೀಳಲು ಬಿಡದ ಗುಣವೇ ನಿಮಗೆ ಮುಜುಗರ ಉಂಟುಮಾಡಿದ ಗುಣವೂ ಆಗಿರಬಹುದು. ಹಾಗಿದ್ದರೆ ಅದನ್ನೇ ಹೇಳಿ: ‘ಅಷ್ಟು ಚೆನ್ನಾಗಿ ತೆಗೆದದ್ದರಿಂದಲೇ ನನಗೆ ಹೆಚ್ಚು ಕಳವಳವಾಯಿತು’ ಎಂದು. ಚಿತ್ರವನ್ನು ಮೆಚ್ಚಿದವರಿಗೂ ಮೆಚ್ಚದವರಿಗೂ ಆ ಮಾತಿನಲ್ಲಿ ಯೋಚಿಸುವುದಕ್ಕೆ ಏನಾದರೂ ಸಿಗುತ್ತದೆ.

ಮೂರನೆಯದರ ಬಗ್ಗೆ ಹೆಚ್ಚು ಹೇಳುವುದಿಲ್ಲ. ಹಾಸ್ಯಚಿತ್ರ ಬಹುಮಟ್ಟಿಗೆ ಅನಿರೀಕ್ಷಿತವನ್ನು ನಂಬಿ ಬದುಕುತ್ತದೆ. ಹತ್ತು ಜನರ ಬಾಯಲ್ಲಿ ಅದರ ಒಳ್ಳೆಯ ಸನ್ನಿವೇಶಗಳನ್ನೆಲ್ಲ ಕೇಳಿಕೊಂಡು ಹೋದವರಿಗೆ ಅನಿರೀಕ್ಷಿತವೆನ್ನುವುದು ಉಳಿದಿರುವುದಿಲ್ಲ. ‘ನನಗೆ ನಗು ಬರಲಿಲ್ಲ, ಬಹಳ ಕೇಳಿಕೊಂಡು ಹೋಗಿದ್ದೆ’ ಎಂದರೆ ಸಾಕು.

ಪ್ರಶ್ನೆ: ಶೇಕಡಾ ತೊಂಬತ್ತಕ್ಕಿಂತ ಹೆಚ್ಚು ಅಂಕ ಪಡೆದ ಚಿತ್ರವೊಂದನ್ನು ನೋಡಿದೆ. ತಪ್ಪು ಹುಡುಕಲು ಏನೂ ಇರಲಿಲ್ಲ, ನೆನಪಿನಲ್ಲಿ ಉಳಿಯುವಂಥದ್ದೂ ಏನೂ ಇರಲಿಲ್ಲ. ಅಷ್ಟೊಂದು ವಿಮರ್ಶಕರಿಗೆ ಕಂಡದ್ದು ನನಗೇಕೆ ಕಾಣಲಿಲ್ಲ?

ಉತ್ತರ: ಆ ಅಂಕ ಏನನ್ನು ಎಣಿಸುತ್ತದೆ ಎಂಬುದನ್ನು ಮೊದಲು ನೋಡೋಣ. ಇಂಥ ಅಂಕ ಸಾಮಾನ್ಯವಾಗಿ ವಿಮರ್ಶೆಗಳನ್ನು ಒಟ್ಟುಗೂಡಿಸುವ ತಾಣಗಳದ್ದು. 1998ರಲ್ಲಿ ಆರಂಭವಾದ ಅಂಥ ‘ರಾಟನ್ ಟೊಮೆಟೋಸ್’ ಜಾಲತಾಣ ತೋರಿಸುವ ಶೇಕಡಾವಾರು ಸಂಖ್ಯೆ ಚಿತ್ರಕ್ಕೆ ಬಂದ ಅಂಕಗಳ ಸರಾಸರಿ ಅಲ್ಲ. ಒಟ್ಟು ವಿಮರ್ಶೆಗಳಲ್ಲಿ ಎಷ್ಟು ಪಾಲು ಅನುಕೂಲವಾಗಿವೆ ಎಂಬುದು ಮಾತ್ರ ಅದರಲ್ಲಿ ಕಾಣುತ್ತದೆ. ಅದು ಶೇಕಡಾ 60 ಅಥವಾ ಅದಕ್ಕಿಂತ ಹೆಚ್ಚಿದ್ದರೆ ಚಿತ್ರಕ್ಕೆ ಮೆಚ್ಚುಗೆಯ ಗುರುತಾದ ಕೆಂಪು ಟೊಮೆಟೊ ಸಿಗುತ್ತದೆ. ಹತ್ತು ವಿಮರ್ಶಕರೂ ‘ಪರವಾಗಿಲ್ಲ, ನೋಡಬಹುದು’ ಎಂದು ಹತ್ತಕ್ಕೆ ಆರು ಕೊಟ್ಟರೆಂದುಕೊಳ್ಳಿ. ಆರನ್ನು ಅನುಕೂಲವೆಂದು ಎಣಿಸಿದರೆ ಆ ಚಿತ್ರದ ಸಂಖ್ಯೆ ಶೇಕಡಾ 100. ಇನ್ನೊಂದು ಚಿತ್ರಕ್ಕೆ ಏಳು ಮಂದಿ ಹತ್ತಕ್ಕೆ ಹತ್ತು ಕೊಟ್ಟು, ಮೂವರು ಸಿಟ್ಟಿಗೆದ್ದು ಮೂರು ಕೊಟ್ಟರೆ ಅದರ ಸರಾಸರಿ 7.9, ಆದರೆ ಸಂಖ್ಯೆ ಶೇಕಡಾ 70. ಯಾರನ್ನೂ ನೋಯಿಸದ, ಯಾರನ್ನೂ ತೀವ್ರವಾಗಿ ಸೆಳೆಯದ ಚಿತ್ರಕ್ಕೆ ಈ ಲೆಕ್ಕ ಅನುಕೂಲಕರ. ಜನರನ್ನು ಎರಡು ಪಾಳಯ ಮಾಡುವ ಚಿತ್ರಕ್ಕೆ ಪ್ರತಿಕೂಲ. ‘ಮೆಟಾಕ್ರಿಟಿಕ್’ ಎಂಬ ಇನ್ನೊಂದು ತಾಣ ವಿಮರ್ಶಕರಿಗೆ ಬೇರೆ ಬೇರೆ ತೂಕ ಕೊಟ್ಟು ನೂರಕ್ಕೆ ಸರಾಸರಿ ತೆಗೆಯುವುದರಿಂದ ಅಲ್ಲಿ ಅದೇ ಚಿತ್ರಕ್ಕೆ ಬೇರೆಯೇ ಸಂಖ್ಯೆ ಬರಬಹುದು. ನಿಮಗೆ ಕಂಡದ್ದು ಆ ವಿಮರ್ಶಕರಲ್ಲಿ ಬಹುಮಂದಿಗೆ ಕಂಡದ್ದೇ ಆಗಿದ್ದಿರಬಹುದು. ಒಂದೆರಡು ವಿಮರ್ಶೆಗಳನ್ನು ಪೂರ್ತಿ ಓದಿದರೆ ತಿಳಿಯುತ್ತದೆ.

ಪ್ರಶ್ನೆ: ತಾಯಿ ತೀರಿಕೊಂಡು ಎಂಟು ತಿಂಗಳಾಯಿತು. ಈಚೆಗೆ ನೋಡಿದ ಚಿತ್ರವೊಂದರಲ್ಲಿ ಆಸ್ಪತ್ರೆಯ ಮಂಚದ ಪಕ್ಕ ಮಗ ಸುಮ್ಮನೆ ಕುಳಿತಿರುವ ದೃಶ್ಯವಿತ್ತು. ಅಲ್ಲಿಂದ ಕೊನೆಯವರೆಗೆ ಅತ್ತೆ. ಜೊತೆಗಿದ್ದ ಗೆಳೆಯರು ಅದು ತೀರಾ ಸಾಧಾರಣ ಚಿತ್ರವೆಂದರು; ಯೋಚಿಸಿದರೆ ಅವರ ಮಾತೂ ಸರಿ ಎನ್ನಿಸುತ್ತದೆ. ಹಾಗಾದರೆ ನಾನು ಅತ್ತದ್ದು ಯಾವುದಕ್ಕೆ?

ಉತ್ತರ: ತಾಯಿಗಾಗಿ ಅತ್ತಿರಿ. ಅದನ್ನು ಯಾರೂ ಪ್ರಶ್ನಿಸಬೇಕಾಗಿಲ್ಲ, ನೀವೂ ಪ್ರಶ್ನಿಸಿಕೊಳ್ಳಬೇಡಿ.

ಇನ್ನು ಚಿತ್ರದ ಮಾತು. ಸಾವಿರ ವರ್ಷಗಳ ಹಿಂದೆ ಕಾಶ್ಮೀರದಲ್ಲಿದ್ದ ಅಭಿನವಗುಪ್ತ, ಭರತನ ನಾಟ್ಯಶಾಸ್ತ್ರಕ್ಕೆ ಬರೆದ ‘ಅಭಿನವಭಾರತೀ’ ವ್ಯಾಖ್ಯಾನದಲ್ಲಿ ರಸಾನುಭವಕ್ಕೆ ಅಡ್ಡಬರುವ ಏಳು ವಿಘ್ನಗಳನ್ನು ಎಣಿಸುತ್ತಾನೆ. ಕಥೆ ನಂಬುವಂತಿಲ್ಲದಿರುವುದು ಅವುಗಳಲ್ಲಿ ಒಂದು. ಪ್ರೇಕ್ಷಕ ತನ್ನ ಸ್ವಂತ ಸುಖದುಃಖಗಳಿಗೆ ವಶನಾಗಿಬಿಡುವುದು ಇನ್ನೊಂದು. ರಂಗದ ಮೇಲಿನ ಶೋಕ ‘ನನ್ನದು’ ಅಥವಾ ‘ಅವನದು’ ಎಂಬ ಗುರುತನ್ನು ಕಳೆದುಕೊಂಡು ಎಲ್ಲರದ್ದೂ ಆದಾಗಲೇ ಅದು ಕರುಣರಸವಾಗುತ್ತದೆ ಎಂಬುದು ಅವನ ನಿಲುವು. ಈ ವಿಚಾರವನ್ನು ನಾನು ಬಹಳ ಗೌರವಿಸುತ್ತೇನೆ. ಆದರೂ ನಿಮ್ಮ ಪತ್ರ ಓದಿದ ಮೇಲೆ, ಇದನ್ನು ವಿಘ್ನವೆಂದು ಕರೆದು ಸುಮ್ಮನಾಗಲು ಮನಸ್ಸು ಬರುತ್ತಿಲ್ಲ. ಆ ಮಗ ಸುಮ್ಮನೆ ಕುಳಿತದ್ದು ನಿಮ್ಮನ್ನು ತಟ್ಟಿತು. ಅವನು ಎದೆ ಬಡಿದುಕೊಂಡು ಸಂಭಾಷಣೆ ಹೇಳಿದ್ದರೆ ಬಹುಶಃ ತಟ್ಟುತ್ತಿರಲಿಲ್ಲ.

ಇದರ ಹಿಂದಿನ ಒಂದು ಗುಟ್ಟನ್ನು ಸೋವಿಯತ್ ನಿರ್ದೇಶಕ ಲೆವ್ ಕುಲೆಶೋವ್ 1920ರ ಆಸುಪಾಸಿನಲ್ಲಿ ತೋರಿಸಿಕೊಟ್ಟರು. ನಟನೊಬ್ಬನ ಯಾವ ಭಾವವೂ ಇಲ್ಲದ ಮುಖದ ಒಂದೇ ತುಣುಕನ್ನು ಒಮ್ಮೆ ಸೂಪಿನ ಬಟ್ಟಲಿನ ಪಕ್ಕದಲ್ಲಿ, ಒಮ್ಮೆ ಶವಪೆಟ್ಟಿಗೆಯ ಪಕ್ಕದಲ್ಲಿ ಜೋಡಿಸಿದಾಗ ಪ್ರೇಕ್ಷಕರು ಅದೇ ಮುಖದಲ್ಲಿ ಹಸಿವನ್ನೂ ಶೋಕವನ್ನೂ ಕಂಡರಂತೆ. ತೆರೆಯ ಮೇಲೆ ಬಿಟ್ಟ ಖಾಲಿ ಜಾಗವನ್ನು ನೋಡುವವರೇ ತುಂಬುತ್ತಾರೆ. ಆ ದೃಶ್ಯ ನಿಮಗೆ ಖಾಲಿ ಜಾಗ ಕೊಟ್ಟಿತು, ನಿಮ್ಮ ಬಳಿ ತುಂಬುವುದಕ್ಕೆ ಎಂಟು ತಿಂಗಳ ನೋವಿತ್ತು. ಗೆಳೆಯರ ಬಳಿ ಅದಿರಲಿಲ್ಲ, ಹಾಗಾಗಿ ಅವರಿಗೆ ಕಂಡದ್ದು ಒಬ್ಬ ನಟ ಮತ್ತು ಒಂದು ಮಂಚ. ಇಡೀ ಚಿತ್ರ ಸಾಧಾರಣವಾಗಿರಬಹುದು, ಆ ಒಂದು ದೃಶ್ಯದ ಸಂಯಮ ಮಾತ್ರ ಸಾಧಾರಣವಲ್ಲ ಎಂದು ನೀವು ಗೆಳೆಯರಿಗೆ ಧೈರ್ಯವಾಗಿ ಹೇಳಬಹುದು. ಆ ನೋವಿನ ಮಾತು ಅವರಿಗೆ ಹೇಳಬೇಕೋ ಬೇಡವೋ ಎಂಬುದು ನಿಮಗೆ ಬಿಟ್ಟದ್ದು.

ಪ್ರಶ್ನೆ: ಹೋದ ತಿಂಗಳು ನೋಡಿ ಬೈದಿದ್ದ ಚಿತ್ರವನ್ನು ಮನೆಯವರ ಒತ್ತಾಯಕ್ಕೆ ಮತ್ತೆ ನೋಡಿದೆ, ಮೆಚ್ಚುಗೆಯಾಯಿತು. ಈಗ ಮಾತು ಬದಲಿಸಿದರೆ ನನ್ನ ಅಭಿಪ್ರಾಯಕ್ಕೆ ಬೆಲೆ ಉಳಿಯುತ್ತದೆಯೇ?

ಉತ್ತರ: 1967ರಲ್ಲಿ ‘ಬಾನಿ ಅಂಡ್ ಕ್ಲೈಡ್’ ತೆರೆಕಂಡಾಗ ‘ನ್ಯೂಸ್‌ವೀಕ್’ ಪತ್ರಿಕೆಯ ವಿಮರ್ಶಕ ಜೋ ಮಾರ್ಗೆನ್‌ಸ್ಟರ್ನ್ ಅದನ್ನು ಕಟುವಾಗಿ ಟೀಕಿಸಿ ಬರೆದರು. ಆಮೇಲೆ ಸಾಮಾನ್ಯ ಪ್ರೇಕ್ಷಕರ ನಡುವೆ ಕುಳಿತು ಮತ್ತೊಮ್ಮೆ ನೋಡಿದಾಗ ತಾವು ತಪ್ಪಿದ್ದೇವೆಂದು ಅವರಿಗೆ ಅನ್ನಿಸಿತು. ಮುಂದಿನ ವಾರವೇ ಅದೇ ಪತ್ರಿಕೆಯಲ್ಲಿ, ಹಿಂದಿನ ವಿಮರ್ಶೆ ಅನ್ಯಾಯವಾಗಿತ್ತೆಂದು ಒಪ್ಪಿಕೊಂಡು ಎರಡನೆಯ ವಿಮರ್ಶೆ ಬರೆದರು. ಅವರನ್ನು ಇಂದಿಗೂ ನೆನೆಯುವುದು ಆ ಒಪ್ಪಿಗೆಗಾಗಿಯೇ. ಇದಕ್ಕೆ ವಿರುದ್ಧವಾಗಿ, ‘ನ್ಯೂಯಾರ್ಕರ್’ ಪತ್ರಿಕೆಯಲ್ಲಿ ಬಹುಕಾಲ ಬರೆದ ಪಾಲಿನ್ ಕೇಲ್ ಚಿತ್ರವನ್ನು ಒಂದೇ ಸಲ ನೋಡುವವರೆಂದು ಹೆಸರಾದವರು. ಮೊದಲ ನೋಟದ ಬಿಸಿಯನ್ನೇ ಅವರು ನೆಚ್ಚಿಕೊಂಡರು. ಎರಡು ಮಾರ್ಗಗಳಿಗೂ ಘನತೆಯಿದೆ. ನಿಮ್ಮದು ಮೊದಲನೆಯದಾಗಿರುವುದರಿಂದ, ಹೋದ ತಿಂಗಳು ಬೈದದ್ದನ್ನು ಮುಚ್ಚಿಡದೆ, ಏನು ಬದಲಾಯಿತು ಎಂಬುದನ್ನೂ ಸೇರಿಸಿ ಹೇಳಿ. ಮೊದಲ ಸಲ ಕಥೆ ಎತ್ತ ಸಾಗುತ್ತದೆಂದು ಕಾಯುತ್ತಿದ್ದವರು ಎರಡನೆಯ ಸಲ ಅದು ಸಾಗುವ ರೀತಿಯನ್ನು ನೋಡಿದಿರೋ, ಅಥವಾ ಮನೆಯವರ ಸಂತೋಷ ನಿಮಗೂ ಅಂಟಿತೋ? ಎರಡನೆಯದಾಗಿದ್ದರೂ ನಾಚಿಕೆಪಡಬೇಕಾದದ್ದೇನಿಲ್ಲ.

ಪ್ರಶ್ನೆ: ಮೂರು ಗಂಟೆಯ ಚಿತ್ರವೊಂದನ್ನು ಮೊಬೈಲಿನಲ್ಲಿ ನಾಲ್ಕು ದಿನ ತುಂಡುತುಂಡಾಗಿ ನೋಡಿ ಮುಗಿಸಿದೆ. ಅರ್ಧ ಹಿಡಿಸಿತು, ಅರ್ಧ ನಿಧಾನವೆನ್ನಿಸಿತು. ಹೀಗೆ ನೋಡಿದವರು ಅಭಿಪ್ರಾಯ ಹೇಳಬಹುದೇ?

ಉತ್ತರ: ಹೇಳಬಹುದು, ಆದರೆ ನೋಡಿದ ರೀತಿಯನ್ನೂ ಜೊತೆಯಲ್ಲೇ ಹೇಳಬೇಕು. ಅಭಿನಯ, ಸಂಭಾಷಣೆ, ಕಥೆಯ ಹೆಣಿಗೆ ಇವುಗಳ ಬಗ್ಗೆ ನಿಮ್ಮ ಮಾತಿಗೆ ಪೂರ್ಣ ಬೆಲೆಯಿದೆ. ‘ನಿಧಾನ’ ಎಂಬ ದೂರನ್ನು ಮಾತ್ರ ಸದ್ಯಕ್ಕೆ ತಡೆಹಿಡಿಯಿರಿ. ಕೆಲವು ನಿರ್ದೇಶಕರು ದೃಶ್ಯವೊಂದನ್ನು ಕತ್ತರಿಸದೆ ಐದಾರು ನಿಮಿಷ ಬಿಡುವುದು, ಅದಕ್ಕೆ ಮೊದಲಿನ ಗಂಟೆಯ ಆಯಾಸವೂ ನೋಡುವವರ ಮೈಯಲ್ಲಿ ಇರುತ್ತದೆಂಬ ಭರವಸೆಯಿಂದ. ನೀವು ಆ ದೃಶ್ಯಕ್ಕೆ ನಿದ್ದೆ ಮುಗಿಸಿ ಹೊಸದಾಗಿ ಬಂದಿರುತ್ತೀರಿ. ದೂರದಲ್ಲಿ ಚಿಕ್ಕದಾಗಿ ನಡೆದು ಹೋಗುವ ಆಕೃತಿ ಅಂಗೈಯಗಲದ ತೆರೆಯ ಮೇಲೆ ಕಾಣದೇ ಹೋಗಿ, ಏನೂ ನಡೆಯುತ್ತಿಲ್ಲವೆಂದು ತೋರಿರಲೂಬಹುದು. ಪೂರ್ತಿ ಮೂರು ಗಂಟೆ ಮತ್ತೆ ಕೊಡಲಾಗದಿದ್ದರೆ, ನಿಮಗೆ ಅತಿ ನಿಧಾನವೆನ್ನಿಸಿದ ಭಾಗವನ್ನೂ ಅದರ ಹಿಂದಿನ ಮುಕ್ಕಾಲು ಗಂಟೆಯನ್ನೂ ದೊಡ್ಡ ತೆರೆಯಲ್ಲಿ, ನಡುವೆ ನಿಲ್ಲಿಸದೆ ನೋಡಿ. ಆಗಲೂ ನಿಧಾನವೆನ್ನಿಸಿದರೆ ನಮಗೆ ಬರೆಯಿರಿ, ಆ ದೂರನ್ನು ಇಲ್ಲಿ ಪ್ರಕಟಿಸುತ್ತೇವೆ.