‘ಗಿಡ’ ಅಂದ್ರೆ ಏನು ಅಂತ ಮಿಸ್‌ಗೆ ಯಾರೂ ಹೇಳಿರ್ಲಿಲ್ಲ

ಮನೆಯವರನ್ನ ಕೇಳಿಯೇ ಬರೀತಿದೀನಿ, ಗುರುತು ಸಿಗೋ ವಿವರ ಎಲ್ಲ ಬದಲಾಯಿಸಿದೀನಿ. ಹುಡುಗನನ್ನ ಪುಟ್ಟ ಅಂತ ಕರೆಯೋಣ. ಮೈಸೂರಲ್ಲೇ ಮನೆ, ಅಪ್ಪ ಅಮ್ಮ ಇಬ್ರೂ ಕೆಲಸಕ್ಕೆ ಹೋಗ್ತಾರೆ, ಹಗಲೆಲ್ಲ ಅಜ್ಜಿ ತಾತನ ಹತ್ರ ಇರ್ತಾನೆ. ಮಾರ್ಚ್‌ಗೆ 4 ತುಂಬಿತ್ತು, ಜೂನ್‌ಗೆ ಎಲ್‌ಕೆಜಿ. ಏಪ್ರಿಲ್‌ನಲ್ಲಿ ಅಮ್ಮ, ಅಜ್ಜಿ ಇಬ್ರೂ ಸಲಹೆ ಕೇಳೋಕೆ ನನ್ನ ಹತ್ರ ಕರ್ಕೊಂಡು ಬಂದ್ರು.

ಜನವರಿಯಲ್ಲಿ ಅಭ್ಯಾಸ ಆಗ್ಲಿ ಅಂತ ಒಂದು ಪ್ಲೇ ಹೋಮ್‌ಗೆ ಹಾಕಿದ್ರಂತೆ, 9 ದಿನಕ್ಕೇ ಬಿಡಿಸಿಬಿಟ್ರಂತೆ. ಗೇಟ್ ಕಂಡ್ರೆ ವಾಂತಿ ಮಾಡ್ಕೋತಿದ್ದ, ದಿನಾ ಚಡ್ಡಿ ಒದ್ದೆ, ಅಲ್ಲಿನವರು "ಮಾತು ಸರಿಯಾಗಿ ಬರಲ್ಲ ಅನ್ಸುತ್ತೆ, ಎಲ್ಲಾದ್ರೂ ತೋರಿಸಿ" ಅಂದಿದ್ರಂತೆ. ಅಮ್ಮ ಅಳೋಕೇ ಶುರು ಮಾಡಿದ್ರು, "ಮೇಡಂ, ಎಬಿಸಿಡಿ ಪೂರ್ತಿ ಹೇಳ್ತಾನೆ, 50ರವರೆಗೆ ಎಣಿಸ್ತಾನೆ, ಇನ್ನೇನು ಕಲಿಸ್ಬೇಕಿತ್ತು ನಾವು?" ಅಂತ.

ನಾವು ಮಾತಾಡ್ತಿರುವಾಗ ಪುಟ್ಟ ಕಿಟಕಿ ಹತ್ರ ಇದ್ದ ಪಾಟ್ ನೋಡಿ "ಗಿಡ, ಗಿಡ" ಅಂದ. ನಾನು ಹೂಂ ಕಂದ, ಗಿಡ ಚೆನ್ನಾಗಿದ್ಯಾ ಅಂದೆ. ಮತ್ತೆ "ಗಿಡ" ಅಂದ, ಕಾಲು ಹೆಣೆದುಕೊಂಡು ನಿಂತ. ಅಜ್ಜಿ ದಡಬಡ ಎದ್ದು "ಬಾತ್‌ರೂಮ್ ಎಲ್ಲಿ ಮೇಡಂ?" ಅಂತ ಎತ್ಕೊಂಡು ಓಡಿದ್ರು. ಆಮೇಲೆ ಗೊತ್ತಾಯ್ತು, ಚಿಕ್ಕವನಿದ್ದಾಗ ತಾತ ಹಿತ್ತಲಿಗೆ ಕರ್ಕೊಂಡು ಹೋಗಿ "ಗಿಡಕ್ಕೆ ನೀರು ಹಾಕೋಣ ಬಾ" ಅಂತ ಒಂದಾ ಮಾಡಿಸ್ತಿದ್ರಂತೆ, ಅವನಿಗೆ ಅದೇ ಮಾತು ನಿಂತುಬಿಟ್ಟಿದೆ. ಪ್ಲೇ ಹೋಮ್‌ನವರಿಗೆ ಇದನ್ನ ಹೇಳಿದ್ರಾ ಅಂತ ಕೇಳಿದೆ. ಅತ್ತೆ ಸೊಸೆ ಮುಖ ಮುಖ ನೋಡ್ಕೊಂಡ್ರು. ಯಾರೂ ಹೇಳಿರ್ಲಿಲ್ಲ. 9 ದಿನ ಆ ಮಗು ಗಿಡ ಗಿಡ ಅಂತ ಕೇಳಿದೆ, ಯಾರಿಗೂ ಅರ್ಥ ಆಗಿಲ್ಲ, ಚಡ್ಡಿ ಒದ್ದೆ ಆಗಿದೆ, ಬೈಸ್ಕೊಂಡಿದೆ. ನನಗೆ ಹೊಟ್ಟೆ ಉರಿದುಹೋಯ್ತು.

ಮಾತಿನ ವಿಷಯ ಹಾಗೇ ಬಿಡೋಕಾಗಲ್ಲ, ಅದನ್ನೂ ನೋಡಿದೆ. ನಾಲ್ಕೈದು ಪದದ ವಾಕ್ಯ ಆಡ್ತಾನೆ, ಹೆಸರು ಕರೆದ್ರೆ ತಿರುಗ್ತಾನೆ, ಮುಖ ನೋಡಿ ಮಾತಾಡ್ತಾನೆ, ನನ್ನ ಪೆನ್ನನ್ನೇ ಬಸ್ ಮಾಡ್ಕೊಂಡು ಟಿಕೆಟ್ ಹರಿದುಕೊಟ್ಟ. ಇದೆಲ್ಲ ಇರಲಿಲ್ಲ ಅಂದಿದ್ರೆ ಅವತ್ತೇ ಮಾನಸಗಂಗೋತ್ರಿಯ ವಾಕ್ ಶ್ರವಣ ಸಂಸ್ಥೆಗೆ ಕಳಿಸ್ತಿದ್ದೆ, ಅಂಥದ್ರಲ್ಲಿ ಕಾಯೋದು ತಪ್ಪು. ಪುಟ್ಟನಿಗೆ ಅದು ಬೇಕಾಗಿರ್ಲಿಲ್ಲ.

ನನ್ನನ್ನ ಜಾಸ್ತಿ ಕಾಡಿದ್ದು ಇನ್ನೊಂದು ವಿಷಯ. ಮುಕ್ಕಾಲು ಗಂಟೇಲಿ ಅಜ್ಜಿ 4 ಸಲ "ಹಿಂಗೇ ಮಾಡ್ತಿರು, ಸ್ಕೂಲಿಗೆ ಹಾಕ್ಬಿಡ್ತೀನಿ, ಮಿಸ್ ಬಾಸುಂಡೆ ಬರೋ ಹಾಗೆ ಬಾರಿಸ್ತಾರೆ" ಅಂದ್ರು. ಕೆಟ್ಟ ಮನಸ್ಸಿಂದ ಅಲ್ಲ, ನಮ್ಮ ಎಷ್ಟೋ ಮನೇಲಿ ಇದು ಬಾಯಿಗೆ ಬಂದುಬಿಡುತ್ತೆ, ಮೊದಲು ಗುಮ್ಮ ಇತ್ತು ಈಗ ಗುಮ್ಮನ ಜಾಗಕ್ಕೆ ಸ್ಕೂಲ್ ಬಂದಿದೆ. ಎರಡು ವರ್ಷ ಹೀಗೆ ಹೆದರಿಸಿ ಒಂದು ದಿನ ಹೊಸ ಬ್ಯಾಗ್ ಹಾಕಿ ಅಲ್ಲಿಗೇ ಬಿಟ್ಟು ಬಂದ್ರೆ ಮಗು ಏನಂದ್ಕೋಬೇಕು? ನಾನು ಮಾಡಿದ ತಪ್ಪಿಗೆ ಇದು ಶಿಕ್ಷೆ ಅಂತ ತಾನೇ? ಅಜ್ಜಿಗೆ ಮೆತ್ತಗೆ ಇದನ್ನೇ ಹೇಳಿದೆ. ಸ್ವಲ್ಪ ಹೊತ್ತು ಸುಮ್ನಿದ್ರು, ಆಮೇಲೆ "ನಮ್ ಮೇಷ್ಟ್ರು ಹುಣಸೆ ಬರಲಲ್ಲಿ ಹೊಡೀತಿದ್ರು ಮೇಡಂ, ನಾಲ್ಕನೇ ಕ್ಲಾಸಿಗೇ ಬಿಟ್ಬಿಟ್ಟೆ" ಅಂದ್ರು. ಅವತ್ತಿಂದ ಈ ಕೇಸಲ್ಲಿ ನನ್ನ ದೊಡ್ಡ ಸಹಾಯ ಅಂದ್ರೆ ಅಜ್ಜಿನೇ.

ಎರಡು ತಿಂಗಳಿಗೆ ಹೇಳಿದ್ದು ಇಷ್ಟು. ಸ್ಕೂಲ್ ಹೆಸರಲ್ಲಿ ಹೆದರಿಸೋದು ಇವತ್ತಿಂದಲೇ ಬಂದ್. ಸಂಜೆ ವಾಕಿಂಗ್ ಜೂನ್‌ಗೆ ಸೇರೋ ಸ್ಕೂಲಿನ ರಸ್ತೇಲೇ ಹೋಗಲಿ, ಗೇಟ್ ಮುಟ್ಲಿ, ವಾಚ್‌ಮನ್ ಅಂಕಲ್‌ಗೆ ನಮಸ್ತೆ ಹೇಳ್ಲಿ, ರಜೇಲಿ ಒಂದಿನ ಪರ್ಮಿಷನ್ ತಗೊಂಡು ಜಾರುಬಂಡೆ ಆಡಿಸಿ, ಟಾಯ್ಲೆಟ್ ಎಲ್ಲಿದೆ ಅಂತ ಅವನ ಕೈಲೇ ಬಾಗಿಲು ತೆಗೆಸಿ ತೋರಿಸಿ. ‘ಗಿಡ’ ಬಿಡಿಸೋಕೆ ಹೋಗ್ಬೇಡಿ, ಜೊತೆಗೆ "ಮಿಸ್, ಒಂದಾ" ಅನ್ನೋದನ್ನ ಸೇರಿಸಿ, ಮಿಸ್‌ಗೂ ಒಂದು ಚೀಟೀಲಿ ಮನೆ ಮಾತುಗಳನ್ನ ಬರೆದು ಕೊಡಿ, ನೀರಿಗೆ ಏನಂತಾನೆ, ಹೊಟ್ಟೆನೋವಿಗೆ ಏನಂತಾನೆ ಎಲ್ಲ. ಹುಕ್ ಇರೋ ಚಡ್ಡಿ ಬೇಡ, ಎಲಾಸ್ಟಿಕ್ ಇರ್ಲಿ, ಅರ್ಜೆಂಟ್ ಆದಾಗ ಆ ಪುಟ್ಟ ಬೆರಳಿಗೆ ಹುಕ್ ಬಿಚ್ಚೋಕಾಗಲ್ಲ.

ಡಬ್ಬಿ ವಿಷಯಕ್ಕೆ ನಾನು ಎಲ್ಲರ ಹತ್ರನೂ ಜಗಳ ಆಡ್ತೀನಿ. ಎರಡನೇ ಸಲ ಬಂದಾಗ ಹೊಸ ಡಬ್ಬಿ ತರಿಸಿ ಪುಟ್ಟನ ಕೈಗೆ ಕೊಟ್ಟೆ. ನಾಲ್ಕು ಕಡೆ ಕ್ಲಿಪ್. ಎರಡು ತೆಗೆದ, ಮೂರನೇದು ಬರ್ಲಿಲ್ಲ, ಹಲ್ಲಲ್ಲಿ ಕಚ್ಚಿದ, ಆಗ್ಲಿಲ್ಲ, ಸುಮ್ನೆ ಪಕ್ಕಕ್ಕಿಟ್ಟು ನನ್ನ ಮುಖ ನೋಡ್ದ. ಕ್ಲಾಸಲ್ಲೂ ಹೀಗೇ ಆಗೋದು, ಹಸಿವಿದ್ರೂ ಪಕ್ಕಕ್ಕಿಡ್ತಾರೆ. ಸುಲಭವಾಗಿ ತೆಗೆಯೋ ಸ್ಟೀಲ್ ಡಬ್ಬಿ ತಗೊಳ್ಳಿ, ಮೇ ತಿಂಗಳು ಪೂರ್ತಿ 11 ಗಂಟೆಗೆ ಮನೇಲೇ ಅದ್ರಲ್ಲಿ ಹಾಕಿಕೊಡಿ, ಚಿತ್ರಾನ್ನನೋ ಇಡ್ಲಿ ಚೂರೋ, ಮೊಬೈಲ್ ಇಲ್ದೆ, ತುತ್ತು ಇಡದೆ, ಅವನೇ ತೆಗೆದು ತಿಂದು ಮುಚ್ಚಿಡ್ಲಿ. ಚೆಲ್ಲುತ್ತೆ, ಚೆಲ್ಲಲಿ.

ಅಪ್ಪ ಫೋನಲ್ಲಿ ಕೇಳಿದ್ದು ಎರಡೇ ಪ್ರಶ್ನೆ. ಕರ್ಸಿವ್ ಶುರು ಮಾಡಿಸ್ಬೇಕಾ? ಬೇಡ, 2020ರ ರಾಷ್ಟ್ರೀಯ ಶಿಕ್ಷಣ ನೀತಿಯೇ 3ರಿಂದ 8 ವರ್ಷದವರೆಗೆ ಆಟದ ಮೂಲಕ ಕಲಿಕೆ ಅನ್ನುತ್ತೆ, ಚಪಾತಿ ಹಿಟ್ಟು ನಾದ್ಲಿ, ಕಡಲೆಕಾಯಿ ಬಿಡಿಸ್ಲಿ, ಬೆರಳಿಗೆ ಶಕ್ತಿ ಬರೋದು ಅಲ್ಲಿಂದ. ಒಂದು ವರ್ಷ ಕಾಯೋಣ್ವಾ? ಅದಕ್ಕೂ ಕಾರಣ ಇಲ್ಲ, ಒಂದನೇ ಕ್ಲಾಸಿಗೆ ಜೂನ್ 1ಕ್ಕೆ 6 ವರ್ಷ ತುಂಬಿರ್ಬೇಕು, ಇವನಿಗೆ ಲೆಕ್ಕ ಸರಿಯಾಗೇ ಇದೆ.

ಇದೇ ಅಪ್ಪ ಜನವರಿಯಲ್ಲಿ "ಚಾಕ್ಲೇಟ್ ತರ್ತೀನಿ" ಅಂತ ಹೇಳಿ ಕಣ್ತಪ್ಪಿಸಿ ಬರ್ತಿದ್ರು. ಅದಾದ್ಮೇಲೆ ಅಮ್ಮ ಸ್ನಾನಕ್ಕೆ ಹೋದ್ರೂ ಪುಟ್ಟ ಬಾಗಿಲಲ್ಲೇ ಕೂರ್ತಾನೆ. ಕಣ್ಣು ಆಚೆ ಮಾಡಿದ್ರೆ ದೊಡ್ಡವರು ಮಾಯ ಆಗ್ತಾರೆ ಅಂತ ಅವನು ಕಲ್ತಿದ್ದಾನೆ. ಅದಕ್ಕೆ ಹೇಳಿದೆ, ಅಳ್ಲಿ, ಆದ್ರೆ ಹೇಳಿಯೇ ಹೊರಡಿ, ಒಂದು ಮುತ್ತು, ಟಾಟಾ, ಆಮೇಲೆ ನಿಲ್ಲಬೇಡಿ. 12 ಗಂಟೆಗೆ ಬರ್ತೀನಿ ಅಂದ್ರೆ ಅವನಿಗೆ ಏನೂ ಗೊತ್ತಾಗಲ್ಲ, "ಡಬ್ಬಿ ಖಾಲಿ ಮಾಡು, ಪ್ರೇಯರ್ ಹಾಡು, ಬೆಲ್ ಹೊಡೀತಾರೆ, ಗೇಟಲ್ಲಿ ತಾತ ಇರ್ತಾರೆ" ಅನ್ನಿ. ತಾತ ಬೆಲ್‌ಗಿಂತ ಮುಂಚೆನೇ ಅಲ್ಲಿರ್ಬೇಕು. ಮೇನಲ್ಲಿ ಪಕ್ಕದ ಮನೇಲಿ ಮೊದಲು 10 ನಿಮಿಷ, ಆಮೇಲೆ ಅರ್ಧ ಗಂಟೆ ಬಿಟ್ಟು ಇದೇ ಅಭ್ಯಾಸ ಮಾಡಿಸಿದ್ರು.

ಜೂನಲ್ಲಿ 4 ದಿನ ಚೆನ್ನಾಗೇ ಅತ್ತ. ಐದನೇ ದಿನ ಗೇಟಲ್ಲಿ ಮಾತ್ರ. ವಾಂತಿ ಇಲ್ಲ, ಎರಡು ಸಲ ಚಡ್ಡಿ ಒದ್ದೆ ಆಯ್ತು ಅಷ್ಟೇ. ದಸರಾ ರಜ ಮುಗಿದ ಬೆಳಿಗ್ಗೆ ಅಜ್ಜಿ ಗಾಬರಿಯಾಗಿ ಫೋನ್ ಮಾಡಿದ್ರು, ಮತ್ತೆ ಅಳ್ತಿದ್ದಾನೆ ಅಂತ. ರಜ ಆದ್ಮೇಲೆ ಇದು ಆಗುತ್ತೆ ಅಮ್ಮ, ಜೂನಲ್ಲಿ ಮಾಡಿದ್ದನ್ನೇ ಮಾಡಿ ಅಂದೆ. ಮೂರನೇ ದಿನ ಅವರೇ ಮತ್ತೆ ಫೋನ್ ಮಾಡಿ, ಸರಿ ಹೋದ ಅಂದ್ರು, ಆಮೇಲೆ "ಮೇಡಂ, ಆ ಕ್ಲಾಸಲ್ಲಿ ಈಗ ಇನ್ನೂ ಮೂರು ಮಕ್ಳು ‘ಮಿಸ್, ಗಿಡ’ ಅಂತಾವಂತೆ" ಅಂದ್ರು.