ಸ್ಟುಟ್‌ಗಾರ್ಟ್‌ಗೆ ಹೊಸದಾಗಿ ಬಂದ ತಾಯಿಗೆ: ಮಕ್ಕಳ ನಂಬಿಕೆ, ಮನೆಯ ಏಳು ನಿಮಿಷ

ನಿಮ್ಮ ಪ್ರಶ್ನೆಯ ಸಾರ ಇಷ್ಟು: ಮಂಗಳೂರಿನ ಸಿಎಸ್‌ಐ (ಚರ್ಚ್ ಆಫ್ ಸೌತ್ ಇಂಡಿಯಾ) ಸಭೆಯಿಂದ ಜರ್ಮನಿಗೆ ಬಂದು ಎರಡು ತಿಂಗಳಾಗಿದೆ. ಎಂಟು ವರ್ಷದ ಮಗಳು, ಎರಡು ವರ್ಷದ ಮಗ. ಭಾನುವಾರ ಹತ್ತಿರದ ದೇವಾಲಯಕ್ಕೆ ಹೋದರೆ ಬೆಂಚುಗಳೆಲ್ಲ ಖಾಲಿ, ಇದ್ದವರೆಲ್ಲ ವಯಸ್ಸಾದವರು, ಯಾರೂ ಮಾತಾಡಿಸಲಿಲ್ಲ. ಇಲ್ಲಿ ಮಕ್ಕಳನ್ನು ನಂಬಿಕೆಯಲ್ಲಿ ಬೆಳೆಸುವುದು ಹೇಗೆ, ಚರ್ಚ್ ತೆರಿಗೆ ಕಟ್ಟಲೇಬೇಕೆ, ಊರಿನ ಆರಾಧನೆಯನ್ನು ಫೋನಿನಲ್ಲಿ ನೋಡಿಕೊಂಡರೆ ಸಾಲದೆ?

ಊರಿನಲ್ಲಿ ಈ ಕೆಲಸದ ಅರ್ಧ ಭಾಗ ತಾಯಿಗೆ ಗೊತ್ತಾಗದಂತೆಯೇ ನಡೆದುಹೋಗುತ್ತದೆ. ಅಜ್ಜಿ ಪ್ರಾರ್ಥನೆ ಕಲಿಸುತ್ತಾರೆ, ಸಂಡೇ ಸ್ಕೂಲ್ ವಚನ ಬಾಯಿಪಾಠ ಮಾಡಿಸುತ್ತದೆ, ಕ್ವಾಯರಿನವರು ಡಿಸೆಂಬರಿನಲ್ಲಿ ಮನೆಬಾಗಿಲಿಗೇ ಬಂದು ಹಾಡುತ್ತಾರೆ. ಇಲ್ಲಿಯೂ ಸಭೆ ಕೊಡುವುದು ಬಹಳವಿದೆ, ಆದರೆ ತಾನಾಗಿ ಮನೆಗೆ ಬರುವುದು ಕಡಿಮೆ, ಕೇಳಿ ಪಡೆಯಬೇಕು. ಉಳಿದದ್ದನ್ನು ಮನೆಯಲ್ಲಿ, ಸ್ವಲ್ಪವಾದರೂ ತಪ್ಪದೆ, ನೀವೇ ನಡೆಸಬೇಕು. "ಮೊದಲು ಮನೆ, ಭಾಷೆ, ಶಾಲೆ ಸರಿಹೋಗಲಿ, ಆಮೇಲೆ ನೋಡೋಣ" ಎಂದು ಮುಂದಕ್ಕೆ ಹಾಕಬೇಡಿ. ಮಕ್ಕಳು ಹೊಸ ದೇಶದ ದಿನಚರಿಯನ್ನು ಮೊದಲ ತಿಂಗಳುಗಳಲ್ಲೇ ಮೈಗೂಡಿಸಿಕೊಳ್ಳುತ್ತಾರೆ. ಅದರಲ್ಲಿ ಪ್ರಾರ್ಥನೆಗೆ ಜಾಗವಿಲ್ಲದಿದ್ದರೆ, ವರ್ಷದ ನಂತರ ಅದು ಹೊರಗಿನಿಂದ ತಂದು ಹೇರಿದ ನಿಯಮದಂತೆ ಕಾಣುತ್ತದೆ.

ತೆರಿಗೆಯ ವಿಷಯ ಮೊದಲು ಮುಗಿಸೋಣ. ಹೊಸ ಮನೆಗೆ ಬಂದ ಎರಡು ವಾರದೊಳಗೆ ಮಾಡಿಸುವ ಆನ್‌ಮೆಲ್ಡುಂಗ್ ನೋಂದಣಿಯಲ್ಲಿ ಧರ್ಮದ ಕಾಲಂ ಇರುತ್ತದೆ. ಅಲ್ಲಿ 'ಇವಾಂಗೆಲಿಶ್', ಅಂದರೆ ಪ್ರೊಟೆಸ್ಟಂಟ್, ಎಂದು ಬರೆದರೆ ನೀವು ಈ ಸೀಮೆಯ ವ್ಯುರ್ಟೆಂಬರ್ಗ್ ಸಭೆಯ ಸದಸ್ಯರಾಗುತ್ತೀರಿ, ಸಂಬಳದಿಂದ ಚರ್ಚ್ ತೆರಿಗೆ ಕಡಿತವಾಗುತ್ತದೆ. ಬಾಡೆನ್-ವ್ಯುರ್ಟೆಂಬರ್ಗ್ ಮತ್ತು ಬವೇರಿಯಾದಲ್ಲಿ ಅದು ಆದಾಯ ತೆರಿಗೆಯ 8 ಶೇಕಡ, ಉಳಿದ ರಾಜ್ಯಗಳಲ್ಲಿ 9 ಶೇಕಡ. ಇದು ಸಂಬಳದ ಮೇಲೆ ಹಾಕುವ ಲೆಕ್ಕವಲ್ಲ, ತೆರಿಗೆಯ ಮೇಲೆ ಹಾಕುವ ಲೆಕ್ಕ. ತಿಂಗಳಿಗೆ 600 ಯೂರೋ ಆದಾಯ ತೆರಿಗೆ ಹೋಗುವ ಮನೆಗೆ ಹೆಚ್ಚೆಂದರೆ 48 ಯೂರೋ. ಮಕ್ಕಳಿದ್ದರೆ ಅವರ ರಿಯಾಯಿತಿ ಕಳೆದು ಲೆಕ್ಕ ಹಾಕುವುದರಿಂದ ಇನ್ನೂ ಕಡಿಮೆ. ಕಟ್ಟಿದ್ದನ್ನು ವಾರ್ಷಿಕ ತೆರಿಗೆ ವಿವರದಲ್ಲಿ ವಿಶೇಷ ಖರ್ಚು ಎಂದು ತೋರಿಸಬಹುದು.

'ಯಾವ ಧರ್ಮವೂ ಇಲ್ಲ ಎಂದು ಬರೆಯಿರಿ, ಹಣ ಉಳಿಯುತ್ತದೆ' ಎಂದು ಗಂಡನ ಆಫೀಸಿನಲ್ಲಿ ಯಾರಾದರೂ ಹೇಳಿಯೇ ಹೇಳುತ್ತಾರೆ. ಒಪ್ಪಬೇಡಿ. ಅದು ಸುಳ್ಳು ಎಂಬುದು ಒಂದು ಕಾರಣ. ಮಕ್ಕಳೂ ಒಂದು ದಿನ ಆ ಕಾಗದ ನೋಡುತ್ತಾರೆ. ಇನ್ನೊಂದು ಕಾರಣ ತೀರ ವ್ಯಾವಹಾರಿಕವಾದದ್ದು: ಮಕ್ಕಳ ಗುಂಪುಗಳ ಆಹ್ವಾನ, ಸಭಾಪತ್ರಿಕೆ, ದೃಢೀಕರಣ (ಕನ್ಫರ್ಮೇಶನ್) ತರಗತಿಯ ಪತ್ರ, ಇವೆಲ್ಲ ಸದಸ್ಯರ ಪಟ್ಟಿ ನೋಡಿಯೇ ಹೊರಡುತ್ತವೆ. ಪಟ್ಟಿಯಲ್ಲಿ ಇಲ್ಲದ ಮಗುವಿಗೆ ಪತ್ರ ಬರುವುದಿಲ್ಲ. ಈಗಾಗಲೇ ತಪ್ಪಾಗಿ ಬರೆದಿದ್ದರೆ ಗಾಬರಿ ಬೇಡ, ಪಾಸ್ಟರ್ ಜೊತೆ ಮಾತಾಡಿದರೆ ಸರಿಪಡಿಸಬಹುದು. ಸರಕಾರದ ಮೂಲಕ ತೆರಿಗೆ ಎತ್ತದ ಸ್ವತಂತ್ರ ಸಭೆಗೆ, ಅಂದರೆ ಫ್ರೈಕಿರ್ಖೆಗೆ, ಸೇರಿದವರ ವಿಷಯ ಬೇರೆ. ಅವರು ಸ್ವಇಚ್ಛೆಯ ಕಾಣಿಕೆಯಿಂದ ಸಭೆ ನಡೆಸುತ್ತಾರೆ. ಕಥೋಲಿಕ ಸ್ನೇಹಿತೆಯರಿದ್ದರೆ ಅವರಿಗೂ ತಿಳಿಸಿ: 2012ರ ಬಿಷಪರ ಆಜ್ಞೆಯ ಪ್ರಕಾರ ಸರಕಾರಿ ಕಚೇರಿಯಲ್ಲಿ ಸಭೆ ಬಿಟ್ಟೆನೆಂದು ಘೋಷಿಸಿದವರಿಗೆ ಸಂಸ್ಕಾರಗಳು ಸಿಗುವುದಿಲ್ಲ.

ಮಕ್ಕಳ ದೀಕ್ಷಾಸ್ನಾನದ ಪ್ರಮಾಣಪತ್ರ ಊರಿನಲ್ಲೇ ಉಳಿದಿದ್ದರೆ ಈಗಲೇ ತರಿಸಿಕೊಳ್ಳಿ. ಅದರ ಪ್ರತಿಯೊಂದನ್ನು ಹಿಡಿದು ಫಾರ್‌ಆಮ್ಟ್, ಅಂದರೆ ಸಭೆಯ ಕಚೇರಿಗೆ ಹೋಗಿ. ಕಚೇರಿ ವಾರದಲ್ಲಿ ಕೆಲವೇ ಗಂಟೆ ತೆರೆದಿರುತ್ತದೆ, ಇಮೇಲ್ ಮಾಡಿ ಸಮಯ ಕೇಳುವುದು ಒಳ್ಳೆಯದು. ನೀವು ಸಿಎಸ್‌ಐಯವರೆಂದು ಹೇಳಿ. ಸಿಎಸ್‌ಐ ಮತ್ತು ವ್ಯುರ್ಟೆಂಬರ್ಗ್ ಸಭೆ ಎರಡೂ ಸ್ಟುಟ್‌ಗಾರ್ಟ್‌ನಲ್ಲೇ ಕಚೇರಿಯಿರುವ ಇಎಂಎಸ್ ಎಂಬ ಮಿಷನ್ ಒಕ್ಕೂಟದ ಸದಸ್ಯರು. 1834ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಷನ್ನಿಗೂ ಈ ಸೀಮೆಗೂ ಹಳೆಯ ನಂಟು: ಮಂಗಳೂರ ಸಮಾಚಾರ ಹೊರಡಿಸಿದ ಮೋಗ್ಲಿಂಗ್ ಹುಟ್ಟಿದ್ದು ಬ್ರಾಕೆನ್‌ಹೈಮ್‌ನಲ್ಲಿ, ನಿಘಂಟಿನ ಕಿಟೆಲ್ 1903ರಲ್ಲಿ ತೀರಿಕೊಂಡದ್ದು ಟ್ಯೂಬಿಂಗನ್‌ನಲ್ಲಿ. ಮಗಳನ್ನು ಅಲ್ಲಿಗೆ ಕರೆದುಕೊಂಡು ಹೋಗಿ ಇದನ್ನು ಹೇಳಿ. ತಾನು ಈ ಸಭೆಗೆ ಹೊರಗಿನವಳಲ್ಲ ಎಂದು ಅವಳಿಗೆ ತಿಳಿಯಬೇಕು.

ಖಾಲಿ ಬೆಂಚಿನ ಮಾತು ನಿಜ. 2022ರ ಹೊತ್ತಿಗೆ ಕಥೋಲಿಕ, ಪ್ರೊಟೆಸ್ಟಂಟ್ ಎಂಬ ಎರಡು ದೊಡ್ಡ ಸಭೆಗಳ ಸದಸ್ಯರು ದೇಶದ ಜನಸಂಖ್ಯೆಯ ಅರ್ಧಕ್ಕಿಂತ ಕಡಿಮೆಯಾದರು, ಅವರಲ್ಲೂ ಭಾನುವಾರ ಬರುವವರು ಕೆಲವರೇ. ಆದರೆ ನೀವು ನೋಡಿದ್ದು ಸಾಮಾನ್ಯ ಆರಾಧನೆ ಮಾತ್ರ, ಮಕ್ಕಳಿರುವ ಜಾಗ ಬೇರೆ. ಮಗಳಿಗೆ ಕಿಂಡರ್‌ಕಿರ್ಖೆ ಇದೆ, ನಮ್ಮ ಸಂಡೇ ಸ್ಕೂಲಿನಂತೆಯೇ. ಕೆಲವು ಕಡೆ ದೊಡ್ಡವರ ಆರಾಧನೆಯ ಹೊತ್ತಿನಲ್ಲೇ ಪಕ್ಕದ ಸಭಾಗೃಹದಲ್ಲಿ ನಡೆಯುತ್ತದೆ. ವಾರದ ದಿನ ಸಂಜೆ ಯುಂಗ್‌ಶಾರ್ ಎಂಬ ಗುಂಪು, ಅಲ್ಲಿ ಆಟ, ಹಾಡು, ಒಂದು ಬೈಬಲ್ ಕಥೆ. ಮಗನಿಗೆ ಕ್ರಾಬೆಲ್‌ಗೋಟೆಸ್‌ಡೀನ್ಸ್ಟ್: ಅರ್ಧ ಗಂಟೆಯ ಪುಟಾಣಿ ಆರಾಧನೆ, ನೆಲದ ಮೇಲೆ ಓಡಾಡಿದರೂ ಯಾರೂ ತಿರುಗಿ ನೋಡುವುದಿಲ್ಲ. ಯಾವುದು ಯಾವಾಗ ಎಂಬುದು ಗೆಮೈಂಡೆಬ್ರೀಫ್ ಎಂಬ ಸಭಾಪತ್ರಿಕೆಯಲ್ಲಿರುತ್ತದೆ. ಒಂದು ಸಭೆಯಲ್ಲಿ ಮಕ್ಕಳ ಗುಂಪೇ ಇಲ್ಲದಿದ್ದರೆ ಪಕ್ಕದ ಬಡಾವಣೆಯ ಸಭೆಗೆ ಹೋಗಬಹುದು, ಅದಕ್ಕೆ ಯಾರ ಅನುಮತಿಯೂ ಬೇಡ.

ಯಾರೂ ಮಾತಾಡಿಸದಿರುವುದು ತಿರಸ್ಕಾರವಲ್ಲ. ಅಪರಿಚಿತರನ್ನು ತಾವಾಗಿ ಮಾತಾಡಿಸಿದರೆ ಅವರಿಗೆ ಮುಜುಗರವಾದೀತೆಂದು ಇಲ್ಲಿ ಅನೇಕರು ಹಿಂಜರಿಯುತ್ತಾರೆ. ಆರಾಧನೆಯ ನಂತರ ಕಾಫಿ ಇರುವ ಭಾನುವಾರ ನೋಡಿಕೊಂಡು ಉಳಿಯಿರಿ, ಮೊದಲ ಮಾತು ನಿಮ್ಮದೇ ಆಗಲಿ. ಹಾಡುಗಳಿಗೆ ಹೆದರಬೇಡಿ: ಮುಂದಿನ ಹಲಗೆಯಲ್ಲಿ ಗೀತೆಯ ಸಂಖ್ಯೆ, ಚರಣಗಳ ಸಂಖ್ಯೆ ಇರುತ್ತದೆ, ಪುಸ್ತಕ ಬಾಗಿಲಲ್ಲೇ ಸಿಗುತ್ತದೆ. ನಮ್ಮ ಗೀತೆಪುಸ್ತಕದ ಹಲವು ರಾಗಗಳು ಇಲ್ಲಿಂದಲೇ ಬಂದವು, ಆದ್ದರಿಂದ ಪದ ಗೊತ್ತಿಲ್ಲದಿದ್ದರೂ ರಾಗ ಗೊತ್ತಿರುವ ಭಾನುವಾರಗಳು ಬರುತ್ತವೆ.

ಫೋನಿನ ಆರಾಧನೆ ನಿಮಗೆ ಸಾಂತ್ವನ ಕೊಡಬಹುದು, ಮಕ್ಕಳಿಗೆ ಸಭೆಯಾಗುವುದಿಲ್ಲ. ಊರಿನ ಬೆಳಗಿನ 8 ಗಂಟೆ ಎಂದರೆ ಇಲ್ಲಿ ಬೇಸಿಗೆಯಲ್ಲಿ ಮುಂಜಾನೆ 4.30, ಚಳಿಗಾಲದಲ್ಲಿ 3.30. ಕೊನೆಗೆ ಧ್ವನಿಮುದ್ರಣ ಹಾಕುತ್ತೀರಿ, ಮಗ ಪರದೆಗೆ ಬೆರಳಿಡುತ್ತಾನೆ, ಮಗಳು ಎದ್ದುಹೋಗುತ್ತಾಳೆ. ಸಮಯದ ಇದೇ ಅಂತರವನ್ನು ಬೇರೆ ಕೆಲಸಕ್ಕೆ ಬಳಸಿ. ಶನಿವಾರ ಬೆಳಿಗ್ಗೆ 9.30ಕ್ಕೆ ಇಲ್ಲಿಂದ ಕರೆ ಮಾಡಿದರೆ ಅಲ್ಲಿ ಮಧ್ಯಾಹ್ನ ಒಂದು ಅಥವಾ ಎರಡು ಗಂಟೆ, ಊಟದ ಹೊತ್ತು. ಅಜ್ಜಿ ಒಂದು ಕೀರ್ತನೆ ಓದಿ ಮೊಮ್ಮಕ್ಕಳ ಹೆಸರು ಹಿಡಿದು ಪ್ರಾರ್ಥಿಸಲಿ. ಹತ್ತು ನಿಮಿಷ ಸಾಕು. ತಿಮೊಥೆಯನ ನಂಬಿಕೆಯನ್ನು ನೆನೆಯುವಾಗ ಪೌಲನು ಮೊದಲು ಅಜ್ಜಿ ಲೋವಿಯ, ಆಮೇಲೆ ತಾಯಿ ಯೂನೀಕೆಯ ಹೆಸರು ಹೇಳುತ್ತಾನೆ. ಆ ಮನೆಯೂ ಲುಸ್ತ್ರದಂಥ ಪರಭಾಷೆಯ ಊರಿನಲ್ಲಿತ್ತು, ತಂದೆ ಗ್ರೀಕನಾಗಿದ್ದ.

ಇನ್ನು ಮನೆಯ ಪ್ರಾರ್ಥನೆ. ಹೆಚ್ಚಿನವರು ಸೋಲುವುದು ಇಲ್ಲಿಯೇ, ಅದಕ್ಕೆ ಭಕ್ತಿಯ ಕೊರತೆ ಕಾರಣವಲ್ಲ. ಊರಿನ ಕುಟುಂಬ ಪ್ರಾರ್ಥನೆಯನ್ನು ಇದ್ದಂತೆ ಇಲ್ಲಿಗೆ ತರುತ್ತಾರೆ: ರಾತ್ರಿ ಊಟದ ಹೊತ್ತು, ಪೂರ್ತಿ ಗೀತೆ, ಪೂರ್ತಿ ಅಧ್ಯಾಯ, ಉದ್ದನೆಯ ಪ್ರಾರ್ಥನೆ, ಒಟ್ಟು ಅರ್ಧ ಗಂಟೆ. ಇಲ್ಲಿ ಶಾಲೆ ಎಂಟು ಗಂಟೆಯ ಆಸುಪಾಸಿನಲ್ಲೇ ಶುರುವಾಗುತ್ತದೆ, ಮಕ್ಕಳು ಏಳೂವರೆಗೆ ಮಲಗಬೇಕು, ಚಳಿಗಾಲದಲ್ಲಿ ಐದಕ್ಕೆ ಮೊದಲೇ ಕತ್ತಲು. ಎರಡು ವಾರ ಎಳೆದಾಡಿ ನಿಲ್ಲಿಸುತ್ತಾರೆ, ನಿಂತದ್ದಕ್ಕೆ ಮನಸ್ಸು ಚುಚ್ಚುತ್ತದೆ, ಆ ನೋವಿನಲ್ಲಿ ಮತ್ತೆ ಶುರುಮಾಡುವುದೇ ಕಷ್ಟವಾಗುತ್ತದೆ.

ಏಳು ನಿಮಿಷ ಇಟ್ಟುಕೊಳ್ಳಿ. ಮಗನಿಗೆ ನಿದ್ದೆ ಹತ್ತುವ ಮೊದಲು, ರಾತ್ರಿಯ ಊಟ ಮುಗಿದ ಕೂಡಲೇ, ತಟ್ಟೆ ಎತ್ತುವ ಮುಂಚೆ. ತಟ್ಟೆ ಎತ್ತಿದಿರೋ, ಒಬ್ಬೊಬ್ಬರು ಒಂದೊಂದು ಕಡೆ ಹೋಗುತ್ತಾರೆ. ಗೀತೆಯ ಒಂದೇ ಚರಣ, ಅದೂ ಇಡೀ ತಿಂಗಳು ಅದೇ ಗೀತೆ. ಐದರಿಂದ ಎಂಟು ವಚನಗಳ ಓದು. ಮೊದಲ ವರ್ಷ ಮಾರ್ಕನ ಸುವಾರ್ತೆ ಹಿಡಿಯಿರಿ, ಅದರಲ್ಲಿ ಘಟನೆಗಳು ಚುರುಕಾಗಿ ಸಾಗುತ್ತವೆ. ಕನ್ನಡ ಸತ್ಯವೇದದ ಗ್ರಾಂಥಿಕ ವಾಕ್ಯ ಮಗಳಿಗೆ ಹಿಡಿಯದಿದ್ದರೆ, ಓದಿದ ಮೇಲೆ ನೀವು ಅಡುಗೆಮನೆಯಲ್ಲಿ ಮಾತಾಡುವ ಕನ್ನಡದಲ್ಲೇ ಎರಡು ಮಾತಿನಲ್ಲಿ ಮತ್ತೆ ಹೇಳಿ. ಆಮೇಲೆ ಒಬ್ಬೊಬ್ಬರು ಒಂದೊಂದು ವಾಕ್ಯದ ಪ್ರಾರ್ಥನೆ: ಒಂದು ಕೃತಜ್ಞತೆ ಅಥವಾ ಒಂದು ಬೇಡಿಕೆ. ಎರಡು ವರ್ಷದವನು 'ಆಮೆನ್' ಅಂದರೆ ಅದೇ ಅವನ ಪಾಲು. ಕೊನೆಗೆ ಕರ್ತನ ಪ್ರಾರ್ಥನೆ. ಗಂಡ ತಡವಾಗಿ ಬರುವ ದಿನ ಕಾಯಬೇಡಿ. ಕಾಯುವ ಅಭ್ಯಾಸವಾದರೆ ವಾರಕ್ಕೆ ಎರಡೇ ದಿನ ಉಳಿಯುತ್ತದೆ. ಐದು ದಿನ ನಡೆದರೆ ಒಳ್ಳೆಯ ವಾರ ಎಂದೇ ಎಣಿಸಿ.

ಮಗಳು ಪ್ರಾರ್ಥಿಸುವಾಗ ಅವಳ ಕನ್ನಡ ತಿದ್ದಬೇಡಿ. ಇದನ್ನು ಒತ್ತಿ ಹೇಳುತ್ತೇನೆ. ಪ್ರಾರ್ಥನೆಯ ಹೊತ್ತು ಭಾಷಾಪಾಠವಾದರೆ ಮಗು ಬಾಯಿ ಮುಚ್ಚುತ್ತದೆ, ಭಾಷೆಯೂ ಹೋಗುತ್ತದೆ, ಪ್ರಾರ್ಥನೆಯೂ ಹೋಗುತ್ತದೆ. ಶಾಲೆಗೆ ಸೇರಿ ವರ್ಷವಾಗುವುದರೊಳಗೆ ಅವಳು ಜರ್ಮನ್‌ನಲ್ಲೇ ಪ್ರಾರ್ಥಿಸಬಹುದು. ಬಿಡಿ, ನೀವು ಕನ್ನಡದಲ್ಲೇ ಮುಂದುವರಿಸಿ. ಕರ್ತನ ಪ್ರಾರ್ಥನೆ ಮಾತ್ರ ಎರಡೂ ಭಾಷೆಯಲ್ಲಿ ಬಾಯಿಗೆ ಬರಲಿ, ವಾರಕ್ಕೊಂದು ಬಿನ್ನಹದಂತೆ ಕಲಿತರೆ ಎರಡು ತಿಂಗಳೊಳಗೆ ಮುಗಿಯುತ್ತದೆ. ಇಲ್ಲಿ ಅನೇಕ ದೇವಾಲಯಗಳಲ್ಲಿ ಸಭೆ ಅದನ್ನು ಹೇಳುವಾಗ ಗಂಟೆ ಬಾರಿಸುತ್ತಾರೆ, ಬರಲಾಗದೆ ಮನೆಯಲ್ಲಿರುವವರೂ ಜೊತೆಗೆ ಹೇಳಲಿ ಎಂದು. ಜ್ವರ ಬಂದು ಮನೆಯಲ್ಲಿ ಉಳಿದ ಭಾನುವಾರ ಕಿಟಕಿ ತೆರೆದು ಮಕ್ಕಳೊಂದಿಗೆ ಹಾಗೆಯೇ ಮಾಡಿ.

ಬೆಳಿಗ್ಗೆ ಎರಡೇ ನಿಮಿಷ. ಹೆರ್ನ್‌ಹೂಟ್ ಊರಿನ ಮೊರೇವಿಯನ್ ಸಭೆಯವರು 1731ರಿಂದ ಪ್ರತಿ ವರ್ಷ ಅಚ್ಚು ಹಾಕುತ್ತಿರುವ ಲೋಸುಂಗೆನ್ ಎಂಬ ಪುಟ್ಟ ಪುಸ್ತಕವಿದೆ. ಚೀಟಿ ಎತ್ತಿ ಆರಿಸಿದ ಹಳೆಯ ಒಡಂಬಡಿಕೆಯ ಒಂದು ವಚನ, ಅದಕ್ಕೆ ಜೊತೆಯಾಗಿ ಹೊಸ ಒಡಂಬಡಿಕೆಯದು ಒಂದು, ದಿನಕ್ಕೆ ಅಷ್ಟೇ. ತಿಂಡಿಯ ಹೊತ್ತಿನಲ್ಲಿ ಮಗಳು ಜರ್ಮನ್‌ನಲ್ಲಿ ಓದಲಿ, ನೀವು ಅದೇ ವಚನವನ್ನು ಕನ್ನಡದಲ್ಲಿ ಓದಿ. ನಿಮ್ಮ ಜರ್ಮನ್ನಿಗೂ ಇದು ಒಳ್ಳೆಯದು. ಇಡೀ ಬೈಬಲ್ ಜರ್ಮನ್‌ನಲ್ಲಿ ಬೇಕೆನಿಸಿದರೆ ಲೂಥರ್ ಅನುವಾದದಿಂದ ಶುರುಮಾಡಬೇಡಿ, 2021ರಲ್ಲಿ ಪೂರ್ಣಗೊಂಡ ಬಾಸಿಸ್‌ಬಿಬೆಲ್ ಚಿಕ್ಕ ವಾಕ್ಯಗಳಲ್ಲಿದೆ. ಬಾಗಿಲು ದಾಟುವ ಮುನ್ನ ಇಬ್ಬರ ತಲೆಯ ಮೇಲೂ ಕೈಯಿಟ್ಟು ಒಂದು ಮಾತಿನ ಆಶೀರ್ವಾದ ಹೇಳಿ ಕಳಿಸಿ. ಮಗನಿಗೆ ಈ ವಯಸ್ಸಿನಲ್ಲಿ ಕಥೆಗಿಂತ ಹೆಚ್ಚು ತಿಳಿಯುವುದು ಆ ಕೈ.

ಶಾಲೆಯಲ್ಲಿ ಧರ್ಮಪಾಠ ಸಂವಿಧಾನದ 7ನೆಯ ವಿಧಿಯ ಪ್ರಕಾರ ಸಾಮಾನ್ಯ ವಿಷಯ, ಅಂಕವೂ ಇರುತ್ತದೆ. ಬರ್ಲಿನ್, ಬ್ರೆಮೆನ್‌ನಲ್ಲಿ ವ್ಯವಸ್ಥೆ ಬೇರೆ. ನಿಮ್ಮ ರಾಜ್ಯದಲ್ಲಿ ಸೇರಿಸುವಾಗಲೇ 'ಇವಾಂಗೆಲಿಶ್' ತರಗತಿಗೆ ಹಾಕಿಸಿ. ಅಲ್ಲಿ ಕಲಿಸುವ ರೀತಿ ನಮ್ಮ ಸಂಡೇ ಸ್ಕೂಲಿನದಲ್ಲ. ಸೃಷ್ಟಿಯ ಅಧ್ಯಾಯವನ್ನು ಸ್ತುತಿಗೀತೆ ಎಂದೋ, ಇತರ ಧರ್ಮಗಳ ಹಬ್ಬಗಳ ಬಗ್ಗೆಯೋ ಹೇಳಿಕೊಡಬಹುದು. ಮಗಳ ಮುಂದೆ ಶಿಕ್ಷಕರನ್ನು ಬೈಯಬೇಡಿ. ನೋಟುಪುಸ್ತಕ ತೆರೆಸಿ, ಏನು ಹೇಳಿದರು ಎಂದು ಕೇಳಿ, ನೀವು ನಂಬುವುದನ್ನು ನೇರವಾಗಿ ಹೇಳಿ. ಗೊತ್ತಿಲ್ಲದ ಪ್ರಶ್ನೆಗೆ 'ಪಾಸ್ಟರನ್ನು ಕೇಳೋಣ' ಎಂದು ನಿಜಕ್ಕೂ ಕರೆದುಕೊಂಡು ಹೋಗಿ.

ಎಂಟು ವರ್ಷವೆಂದರೆ ಒಳ್ಳೆಯ ಸಮಯಕ್ಕೇ ಬಂದಿದ್ದೀರಿ. ವ್ಯುರ್ಟೆಂಬರ್ಗ್‌ನ ಹಲವು ಸಭೆಗಳಲ್ಲಿ ಕೊನ್ಫಿ 3, ಅಂದರೆ ದೃಢೀಕರಣ ತರಗತಿಯ ಮೊದಲ ಭಾಗ, ಇದೆ: ಮೂರನೆಯ ತರಗತಿಯ ಮಕ್ಕಳು ಚಿಕ್ಕ ಗುಂಪುಗಳಲ್ಲಿ ದೀಕ್ಷಾಸ್ನಾನ, ಕರ್ತನ ಭೋಜನದ ಬಗ್ಗೆ ಕಲಿಯುತ್ತಾರೆ, ಗುಂಪು ನಡೆಸುವವರು ತಂದೆತಾಯಂದಿರೇ. ಭಾಷೆ ಸಾಲದೆಂದು ಹಿಂದೆ ಸರಿಯಬೇಡಿ, ಇನ್ನೊಬ್ಬ ತಾಯಿಯ ಜೊತೆ ಸೇರಿ ಒಂದು ಗುಂಪು ಒಪ್ಪಿಕೊಳ್ಳಿ. ಉಳಿದ ಭಾಗ ಶಾಲೆಯ ಎಂಟನೆಯ ತರಗತಿಯಲ್ಲಿರುವಾಗ, ಸಾಮಾನ್ಯವಾಗಿ ಬುಧವಾರ ಮಧ್ಯಾಹ್ನ. ದೃಢೀಕರಣ ಹದಿನಾಲ್ಕರ ಸುಮಾರಿಗೆ, ವಸಂತಕಾಲದಲ್ಲಿ. ಆ ವಯಸ್ಸಿಗೆ ಇನ್ನೊಂದು ಅರ್ಥವೂ ಇದೆ. 1921ರ ಕಾನೂನಿನಂತೆ 14 ತುಂಬಿದ ಮಗು ತನ್ನ ಧರ್ಮವನ್ನು ತಾನೇ ನಿರ್ಧರಿಸುತ್ತದೆ, ತಂದೆತಾಯಿ ತಡೆಯಲಾಗದು. ಅದಕ್ಕೆ ಮುಂಚಿನ ಈ ಆರು ವರ್ಷಗಳಲ್ಲಿ ಮಗಳಿಗೆ ಪ್ರಶ್ನೆ ಕೇಳುವ ಸಲುಗೆ ಇರಲಿ. ಪ್ರಶ್ನೆಗೆ ಗದರಿದ ಮನೆಯ ಮಕ್ಕಳು ಹದಿನಾಲ್ಕಕ್ಕೆ ಪ್ರಶ್ನೆಯನ್ನೇ ಕೇಳದೆ ದೂರವಾಗುತ್ತಾರೆ.

ಹಬ್ಬಗಳಲ್ಲಿ ಕ್ರಿಸ್‌ಮಸ್‌ಗೆ ಮುಂಚಿನ ಆಗಮನ ಕಾಲವನ್ನು ಬಿಡಬೇಡಿ. ಹಸಿರು ಹೂಹಾರದ ಮೇಲೆ ನಾಲ್ಕು ಮೇಣದ ಬತ್ತಿ, ಭಾನುವಾರಕ್ಕೊಂದು ಹೆಚ್ಚು ಹಚ್ಚುತ್ತಾರೆ. 1839ರಲ್ಲಿ ಹ್ಯಾಂಬರ್ಗ್‌ನಲ್ಲಿ ವಿಖರ್ನ್ ಎಂಬವರು ದಿಕ್ಕಿಲ್ಲದ ಮಕ್ಕಳಿಗೆ ಕ್ರಿಸ್‌ಮಸ್‌ಗೆ ಎಷ್ಟು ದಿನ ಎಂದು ತೋರಿಸಲು ಶುರುಮಾಡಿದ್ದು. ಏಳು ನಿಮಿಷದ ಪ್ರಾರ್ಥನೆಯನ್ನು ಆ ನಾಲ್ಕು ವಾರ ಬತ್ತಿಯ ಬೆಳಕಿನಲ್ಲೇ ಮಾಡಿದರೆ ಮಕ್ಕಳೇ ಕರೆಯುತ್ತಾರೆ. ಇಲ್ಲಿ ಮುಖ್ಯ ಆರಾಧನೆ 25ರ ಬೆಳಿಗ್ಗೆ ಅಲ್ಲ, 24ರ ಮಧ್ಯಾಹ್ನದಿಂದ ಸಂಜೆಯವರೆಗೆ. ಮಕ್ಕಳ ನಾಟಕವೂ ಅಂದೇ, ಹೆಸರು ಕೊಡುವುದು ನವೆಂಬರಿನಲ್ಲಿ. ಡಿಸೆಂಬರಿನಲ್ಲಿ ಕೇಳಿದರೆ ಪಾತ್ರಗಳು ಹಂಚಿಹೋಗಿರುತ್ತವೆ.

ಕೊನೆಯದಾಗಿ ನಿಮ್ಮ ವಿಷಯ, ಏಕೆಂದರೆ ಪತ್ರದಲ್ಲಿ ನಿಮ್ಮ ಬಗ್ಗೆ ಏನನ್ನೂ ಕೇಳಿಲ್ಲ. ಮಗನ ಜೊತೆ ಬೆಳಗಿನ ತಾಯಿ-ಮಕ್ಕಳ ಗುಂಪಿಗೆ ಹೋಗಿ, ಸಭಾಗೃಹದಲ್ಲೇ ನಡೆಯುತ್ತದೆ. ಮಾರ್ಚ್‌ನ ಮೊದಲ ಶುಕ್ರವಾರ ಸ್ತ್ರೀಯರ ಲೋಕ ಪ್ರಾರ್ಥನಾ ದಿನ, ಇಲ್ಲಿ ವೆಲ್ಟ್‌ಗೆಬೇಟ್ಸ್‌ಟಾಗ್ ಎನ್ನುತ್ತಾರೆ. ಪ್ರತಿ ವರ್ಷ ಬೇರೊಂದು ದೇಶದ ಸ್ತ್ರೀಯರು ಅದರ ಆರಾಧನೆಯನ್ನು ಬರೆದುಕೊಡುತ್ತಾರೆ. ತಯಾರಿಯ ಗುಂಪು ಜನವರಿ, ಫೆಬ್ರವರಿಯಲ್ಲಿ ಸೇರುತ್ತದೆ. ಹೊಸಬರಿಗೆ ಅಡುಗೆಯ ಕೆಲಸ ಕೊಡುವುದು ವಾಡಿಕೆ. ಅದನ್ನು ಮಾಡಿ, ಜೊತೆಗೆ ಓದಲು ಒಂದು ಭಾಗವನ್ನೂ ಕೇಳಿಕೊಳ್ಳಿ, ಐದು ಸಾಲಾದರೂ ಸರಿ. ಉಚ್ಚಾರಣೆಯನ್ನು ಮಗಳೇ ತಿದ್ದಿಕೊಡಲಿ, ಆ ಸಂಜೆ ಅವಳನ್ನು ಮುಂದಿನ ಬೆಂಚಿನಲ್ಲಿ ಕೂರಿಸಿ.