ಪರ್ಸೆಂಟ್ ಇರಲಿ, ಮೊದಲು ಏಳು ವರ್ಷದ ಲೆಕ್ಕ ನೋಡಿ

ನಿಮ್ಮ ಪ್ರಶ್ನೆ ಓದಿದೆ. ಒಂದೇ ಮನೆಯ ಮೂವರಿಗೆ ಡಿಗ್ರಿ ಸೇರಬೇಕು ಅಂದಿದ್ದೀರಿ. ತಂಗಿ ಏಳನೇ ತರಗತಿವರೆಗೆ ಮಹಾರಾಷ್ಟ್ರದ ಅಕ್ಕಲಕೋಟೆಯಲ್ಲಿ ಓದಿ, ಎಂಟರಿಂದ ಕಲಬುರಗಿಗೆ ಬಂದು, ಈಗ ಸೆಕೆಂಡ್ ಪಿಯುಸಿ ಸೈನ್ಸ್‌ನಲ್ಲಿದ್ದಾಳೆ. ಅವಳಿಗೆ ಎಂಜಿನಿಯರಿಂಗ್ ಬೇಕು. ಕಾಕಾನ ಮಗ ಮೆಕ್ಯಾನಿಕಲ್ ಡಿಪ್ಲೊಮಾ ಮುಗಿಸುತ್ತಿದ್ದಾನೆ. ನಿಮಗೆ 27, ಎಸ್ಸೆಸ್ಸೆಲ್ಸಿ ಆದ ಮೇಲೆ ಕೆಲಸಕ್ಕೆ ಹೋದವರು, ಈಗ ಡಿಗ್ರಿ ಮಾಡಿ ಮುಂದೆ ಕಾನೂನು ಓದುವ ಆಸೆ. ಯಾರಿಗೆ ಎಷ್ಟು ಪರ್ಸೆಂಟ್ ಬೇಕು ಅಂತ ಕೇಳಿದ್ದೀರಿ.

ಪರ್ಸೆಂಟ್ ಹೇಳುತ್ತೇನೆ. ಆದರೆ ನಾನು ಡಿಗ್ರಿ ಕಾಲೇಜಿನಲ್ಲಿ ಪಾಠ ಮಾಡುವವನು, ಅಡ್ಮಿಷನ್ ಹೊತ್ತಿನಲ್ಲಿ ಅರ್ಜಿ ನೋಡಲು ಕೂರುತ್ತೇನೆ. ಅಂಕ ಸಾಲದೆ ವಾಪಸ್ ಹೋದವರಿಗಿಂತ, ಅಂಕ ಇದ್ದೂ ಸರಿಯಾದ ಕಾಗದ ಇಲ್ಲದೆ ಮುಖ ಸಣ್ಣ ಮಾಡಿಕೊಂಡು ಹೋದ ಮಕ್ಕಳನ್ನೇ ನಾನು ಜಾಸ್ತಿ ನೋಡಿದ್ದೇನೆ. ಯಾವ ತರಗತಿ ಎಲ್ಲಿ ಓದಿದಿರಿ, ಅದಕ್ಕೆ ಯಾವ ದಾಖಲೆ ಇದೆ, ಇದರ ಮೇಲೇ ಅರ್ಧ ವಿಷಯ ನಿಂತಿರುತ್ತದೆ. ನಿಮ್ಮ ತಂಗಿಯದು ಅಂಥದ್ದೇ ಕೇಸು, ಅದಕ್ಕೆ ಅವಳಿಂದಲೇ ಶುರು ಮಾಡುತ್ತೇನೆ.

ಎಂಜಿನಿಯರಿಂಗ್‌ನ ಸರ್ಕಾರಿ ಸೀಟು ಕೊಡುವುದು ಕರ್ನಾಟಕ ಪರೀಕ್ಷಾ ಪ್ರಾಧಿಕಾರ, ಅಂದರೆ ಕೆಇಎ. ಅಂಕದ ಷರತ್ತು ಸುಲಭ. ಫಿಸಿಕ್ಸ್, ಮ್ಯಾಥ್ಸ್ ಇರಲೇಬೇಕು, ಜೊತೆಗೆ ಕೆಮಿಸ್ಟ್ರಿ ಅಥವಾ ಅದರ ಬದಲಿಗೆ ಒಪ್ಪುವ ಇನ್ನೊಂದು ವಿಷಯ. ಮೂರೂ ಸೇರಿ ಜನರಲ್ ಮೆರಿಟ್‌ನವರಿಗೆ ಶೇ. 45, ಅಂದರೆ 300ಕ್ಕೆ 135. ಎಸ್‌ಸಿ, ಎಸ್‌ಟಿ, ಹಿಂದುಳಿದ ವರ್ಗದವರಿಗೆ ಶೇ. 40. ಇದು ಬರೀ ಹೊಸ್ತಿಲು ಅಷ್ಟೇ. ರ‍್ಯಾಂಕ್ ಕಟ್ಟುವಾಗ ಕೆಇಎ ನಡೆಸುವ ಪ್ರವೇಶ ಪರೀಕ್ಷೆ ಸಿಇಟಿಯ ಅಂಕ ಅರ್ಧ, ಪಿಯುಸಿಯ ಈ ಮೂರು ವಿಷಯದ ಅಂಕ ಇನ್ನರ್ಧ. ಹಾಗಾಗಿ ಸಿಇಟಿ ಒಂದನ್ನೇ ನೆಚ್ಚಿಕೊಂಡು ಬೋರ್ಡ್ ಪರೀಕ್ಷೆ ಸಡಿಲ ಬಿಡಬೇಡಿ ಅಂತ ಅವಳಿಗೆ ಹೇಳಿ. 2024ರಿಂದ ಪಿಯುಸಿಗೆ ವರ್ಷಕ್ಕೆ ಒಂದಕ್ಕಿಂತ ಹೆಚ್ಚು ಪರೀಕ್ಷೆ ಇವೆ, ಒಂದರಲ್ಲಿ ಕಡಿಮೆ ಬಂದರೆ ಇನ್ನೊಂದು ಬರೆಯಬಹುದು.

ತೊಡಕು ಇರುವುದು ಬೇರೆ ಕಡೆ. ಕರ್ನಾಟಕದ ವಿದ್ಯಾರ್ಥಿ ಅಂತ ಸರ್ಕಾರಿ ಸೀಟು ಕೇಳಬೇಕಾದರೆ, ಸಾಮಾನ್ಯವಾಗಿ ಒಂದರಿಂದ ಹನ್ನೆರಡನೇ ತರಗತಿಯೊಳಗೆ ಏಳು ವರ್ಷ ಕರ್ನಾಟಕದಲ್ಲಿ ಓದಿರಬೇಕು, ಹತ್ತನೆಯದೋ ಹನ್ನೆರಡನೆಯದೋ ಇಲ್ಲೇ ಪಾಸಾಗಿರಬೇಕು. ನಿಮ್ಮ ತಂಗಿಯದು ಎಣಿಸಿ ನೋಡಿ: ಎಂಟು, ಒಂಬತ್ತು, ಹತ್ತು, ಪಿಯುಸಿ ಎರಡು. ಒಟ್ಟು ಐದೇ ವರ್ಷ. ಈ ದಾರಿಯಲ್ಲಿ ಅವಳು ಬರುವುದಿಲ್ಲ. ಇಲ್ಲಿ ತುಂಬ ಜನ ಗಾಬರಿಯಾಗಿ "ನಮಗೆ ಸಿಇಟಿ ಇಲ್ಲ" ಅಂತ ಕೈಬಿಡುತ್ತಾರೆ. ಬಿಡಬೇಡಿ. ಪಿಯುಸಿಯ ಎರಡೂ ವರ್ಷ ಕರ್ನಾಟಕದಲ್ಲೇ ಓದಿ ಪಾಸಾಗಿದ್ದು, ತಂದೆ ಅಥವಾ ತಾಯಿ ಇಬ್ಬರಲ್ಲಿ ಒಬ್ಬರು ಏಳು ವರ್ಷ ಕರ್ನಾಟಕದಲ್ಲಿ ಓದಿದ್ದರೆ ಅದಕ್ಕೆ ಬೇರೆ ಕಲಂ ಇದೆ. ಅಪ್ಪ ಕಲಬುರಗಿ ಕಡೆಯವರು ಅಂತ ಬರೆದಿದ್ದೀರಿ. ಅವರು ಏಳನೇ ತರಗತಿವರೆಗಾದರೂ ಇಲ್ಲೇ ಓದಿದ್ದರೆ ನಿಮ್ಮ ತಂಗಿಯ ಸೀಟು ಅಪ್ಪನ ವ್ಯಾಸಂಗ ಪ್ರಮಾಣಪತ್ರದ ಮೇಲೆ ನಿಂತಿದೆ.

ಹಾಗಾಗಿ ಕೂಡಲೇ ಅಪ್ಪನನ್ನು ಕರೆದುಕೊಂಡು ಅವರು ಓದಿದ ಶಾಲೆಗೆ ಹೋಗಿ. ಹೆಡ್‌ಮಾಸ್ಟರ್ ಹಳೇ ಅಲ್ಮೆರಾದಿಂದ ಉದ್ದನೆಯ ದಾಖಲಾತಿ ರಿಜಿಸ್ಟರ್ ತೆಗೆಯುತ್ತಾರೆ, ಶಾಯಿ ಮಾಸಿರುತ್ತದೆ, ಅಂಚು ಗೆದ್ದಲು ತಿಂದಿರುತ್ತದೆ, ಅದರಲ್ಲಿ ಅಪ್ಪನ ಹೆಸರು, ಸೇರಿದ ದಿನ, ಬಿಟ್ಟ ದಿನ ಹುಡುಕಬೇಕು. ಅಲ್ಲಿ "ಶರಣಪ್ಪ" ಅಂತಿದ್ದು ಆಧಾರ್‌ನಲ್ಲಿ "ಶರಣಬಸಪ್ಪ" ಅಂತಿದ್ದರೆ ಅವತ್ತೇ ಗೊತ್ತಾಗಲಿ, ದಾಖಲೆ ಪರಿಶೀಲನೆಯ ದಿನ ಗೊತ್ತಾಗುವುದು ಬೇಡ. ಒಂದೊಂದು ತರಗತಿ ಒಂದೊಂದು ಶಾಲೆಯಲ್ಲಿ ಆಗಿದ್ದರೆ ಎಲ್ಲ ಕಡೆಯಿಂದಲೂ ಬೇಕು. ಶಾಲೆ ಮುಚ್ಚಿದ್ದರೆ ಬಿಇಒ ಆಫೀಸಿನಲ್ಲಿ ದಾಖಲೆ ಎಲ್ಲಿಗೆ ಹೋಗಿದೆ ಅಂತ ಕೇಳಿ. ಬಿಇಒ ಮೇಲುಸಹಿ ಬೇಕಾದ ಪ್ರಮಾಣಪತ್ರಕ್ಕೆ ಅದನ್ನೂ ಆಗಲೇ ಹಾಕಿಸಿ ಇಟ್ಟುಕೊಳ್ಳಿ. ತಂಗಿಯ ಸ್ಯಾಟ್ಸ್ (ಕರ್ನಾಟಕದ ಶಾಲಾ ಮಕ್ಕಳ ಆನ್‌ಲೈನ್ ದಾಖಲೆ) ನಂಬರ್‌ನಲ್ಲಿ ಅಕ್ಕಲಕೋಟೆಯ ವರ್ಷಗಳು ಬರುವುದಿಲ್ಲ, ಅದು ಮಹಾರಾಷ್ಟ್ರದ ಶಾಲೆ ಅಲ್ವಾ, ಅಲ್ಲಿಯ ಟಿಸಿ ಜೋಪಾನವಾಗಿಡಿ.

ಅಕ್ಕಲಕೋಟೆ ಅಂದ ಮೇಲೆ ಇನ್ನೊಂದು ಮಾತು. ಅಲ್ಲೇ ಕೊನೆವರೆಗೂ ಓದಿದ ನಿಮ್ಮ ನೆಂಟರ ಮಕ್ಕಳಿಗೂ ಹೇಳಿ. ಅಕ್ಕಲಕೋಟೆ, ಜತ್ತ, ಕಾಸರಗೋಡಿನಂಥ ಗಡಿ ತಾಲ್ಲೂಕುಗಳಲ್ಲಿ ಓದಿದ, ಮನೆಮಾತು ಕನ್ನಡ, ತುಳು ಅಥವಾ ಕೊಡವ ಆಗಿರುವ ಮಕ್ಕಳಿಗೆ ಗಡಿನಾಡ ಕನ್ನಡಿಗರ ಕಲಂ ಇದೆ, ದೂರದ ರಾಜ್ಯಗಳಲ್ಲಿ ಇರುವವರಿಗೆ ಹೊರನಾಡ ಕನ್ನಡಿಗರದು ಇದೆ. ಅವರು ಕೆಇಎ ನಡೆಸುವ 50 ಅಂಕದ ಕನ್ನಡ ಪರೀಕ್ಷೆಯಲ್ಲಿ 12 ತೆಗೆಯಬೇಕು. ಪ್ರಾಥಮಿಕ ಶಾಲೆ ಮಟ್ಟದ ಕನ್ನಡ, ಹೆದರುವಂಥದ್ದಲ್ಲ. ಗೊತ್ತಿಲ್ಲದೇ ಇದನ್ನು ಕಳೆದುಕೊಂಡವರನ್ನು ನೋಡಿದರೆ ಹೊಟ್ಟೆ ಉರಿಯುತ್ತದೆ.

ಮೀಸಲಾತಿಯಲ್ಲಿ ತಂಗಿಗೆ ಗ್ರಾಮೀಣ ಕೋಟಾ ಸಿಗುವುದಿಲ್ಲ, ಅದಕ್ಕೆ ಒಂದರಿಂದ ಹತ್ತು ಪೂರ್ತಿ ಕರ್ನಾಟಕದ ಹಳ್ಳಿ ಶಾಲೆಯಲ್ಲಿ ಓದಿರಬೇಕು. ಆದರೆ ಕಲ್ಯಾಣ ಕರ್ನಾಟಕದವರಿಗೆ ಸಂವಿಧಾನದ 371(ಜೆ) ವಿಧಿಯಡಿ ಸಿಗುವ ಮೀಸಲಾತಿ ಬಿಡಬೇಡಿ. ಅಪ್ಪ ಕಲ್ಯಾಣ ಕರ್ನಾಟಕದ ಸ್ಥಳೀಯರು ಅಂತ ಆದರೆ ಮಗಳಿಗೂ ಪ್ರಮಾಣಪತ್ರ ಸಿಗುತ್ತದೆ, ಕೊಡುವುದು ಸಹಾಯಕ ಆಯುಕ್ತರ ಕಚೇರಿ. ಈ ಭಾಗದ ಕಾಲೇಜುಗಳಲ್ಲಿ ಶೇ. 70, ರಾಜ್ಯದ ಉಳಿದ ಕಡೆ ಶೇ. 8 ಸೀಟು ಇದರಡಿ ಬರುತ್ತವೆ. ಇದು ಸಣ್ಣ ಲಾಭ ಅಲ್ಲ. ಜಾತಿ, ಆದಾಯ ಪ್ರಮಾಣಪತ್ರ ನಾಡಕಚೇರಿಯಿಂದ, ಅದರ ಮೇಲೆ ಮುದ್ರಿಸಿರುವ ಆರ್‌ಡಿ ನಂಬರ್ ಸಮೇತ. ಹೆಸರು ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ ಇದ್ದ ಹಾಗೇ ಇರಲಿ. ಮನೆ ಆದಾಯ ವರ್ಷಕ್ಕೆ 8 ಲಕ್ಷದೊಳಗಿದ್ದರೆ ಎಸ್‌ಎನ್‌ಕ್ಯು ಎಂಬ ಹೆಚ್ಚುವರಿ ಸೀಟಿಗೂ ಟಿಕ್ ಹಾಕಿ, ಅದರಲ್ಲಿ ಬೋಧನಾ ಶುಲ್ಕ ಇರುವುದಿಲ್ಲ.

ಒಂದು ವೇಳೆ ಅಪ್ಪನ ದಾಖಲೆ ಸಿಗಲೇ ಇಲ್ಲ ಅಂದುಕೊಳ್ಳಿ. ಆಗಲೂ ಬಾಗಿಲು ಮುಚ್ಚುವುದಿಲ್ಲ. ಖಾಸಗಿ ಎಂಜಿನಿಯರಿಂಗ್ ಕಾಲೇಜುಗಳ ಪ್ರವೇಶ ಪರೀಕ್ಷೆಯಾದ ಕಾಮೆಡ್‌ಕೆಗೆ ಏಳು ವರ್ಷದ ಮಾತೇ ಇಲ್ಲ, ಫೀಸು ಮಾತ್ರ ಜಾಸ್ತಿ. ಇನ್ನು ರಾಷ್ಟ್ರಮಟ್ಟದ ಪರೀಕ್ಷೆ ಜೆಇಇ ಮೇನ್ ಬರೆದರೆ ಲೆಕ್ಕವೇ ಬೇರೆ. ಕೇಂದ್ರ ಸರ್ಕಾರದ ಎಂಜಿನಿಯರಿಂಗ್ ಸಂಸ್ಥೆಗಳಾದ ಎನ್‌ಐಟಿಗಳಲ್ಲಿ ಅರ್ಧ ಸೀಟು ಆಯಾ ರಾಜ್ಯದವರಿಗೆ, ಮತ್ತು ಅಲ್ಲಿ ನಿಮ್ಮ ರಾಜ್ಯ ಯಾವುದು ಅಂತ ತೀರ್ಮಾನಿಸುವುದು ಹನ್ನೆರಡನೇ ತರಗತಿ ಎಲ್ಲಿ ಪಾಸಾದಿರಿ ಅನ್ನುವುದರ ಮೇಲೆ. ಅಂದರೆ ಐದೇ ವರ್ಷ ಅಂತ ಸಿಇಟಿಯಲ್ಲಿ ತಡೆಸಿಕೊಂಡ ಹುಡುಗಿ ಸುರತ್ಕಲ್ ಎನ್‌ಐಟಿಕೆಗೆ ಕರ್ನಾಟಕದವಳೇ! ಆದರೆ ಅಲ್ಲಿ ಹನ್ನೆರಡರಲ್ಲಿ ಶೇ. 75 ಬೇಕು, ಎಸ್‌ಸಿ, ಎಸ್‌ಟಿಗೆ 65, ಇಲ್ಲದಿದ್ದರೆ ತಮ್ಮ ಬೋರ್ಡಿನ ಮೇಲಿನ ಶೇ. 20ರೊಳಗೆ ಇರಬೇಕು. ಬಿಎಸ್ಸಿ, ಬಿಸಿಎ ಸೇರುವುದಾದರೆ ಇದೆಲ್ಲ ತಲೆನೋವೇ ಇಲ್ಲ, ವಿಶ್ವವಿದ್ಯಾಲಯಗಳ ಯುಯುಸಿಎಂಎಸ್ ಪೋರ್ಟಲ್‌ನಲ್ಲಿ ಅರ್ಜಿ ಹಾಕಿ. 2024-25ರಿಂದ ಮತ್ತೆ ಮೂರು ವರ್ಷದ ಡಿಗ್ರಿಯೇ ಇದೆ.

ಪಕ್ಕದ ಮನೆಯ ಸಿಬಿಎಸ್‌ಇ ಹುಡುಗನ ಬಗ್ಗೆಯೂ ಕೇಳಿದ್ದೀರಿ. ಪರ್ಸೆಂಟ್ ಅವನಿಗೂ ಅಷ್ಟೇ. ಪಿಯುಸಿಯವರ ಅಂಕ ಕೆಇಎಗೆ ತಾನಾಗಿ ಹೋಗುತ್ತದೆ, ಅವನು ಹನ್ನೆರಡನೆಯ ಅಂಕ ತಾನೇ ಪೋರ್ಟಲ್‌ನಲ್ಲಿ ತುಂಬಬೇಕು. ತುಂಬದಿದ್ದರೆ ರ‍್ಯಾಂಕೇ ಬರುವುದಿಲ್ಲ. ಡಿಗ್ರಿ ಕಾಲೇಜಿಗೆ ಬಂದರೆ ಮೈಗ್ರೇಷನ್ ಸರ್ಟಿಫಿಕೇಟ್ ಬೇಕು.

ಕಾಕಾನ ಮಗನ ದಾರಿ ನೇರ. ಡಿಪ್ಲೊಮಾದಲ್ಲಿ ಶೇ. 45, ಮೀಸಲಾತಿ ಇದ್ದರೆ 40, ಡಿಪ್ಲೊಮಾದವರ ಸಿಇಟಿ, ಅಂದರೆ ಡಿಸಿಇಟಿ ಬರೆದು ಎರಡನೇ ವರ್ಷದ ಎಂಜಿನಿಯರಿಂಗ್‌ಗೆ ಲ್ಯಾಟರಲ್ ಎಂಟ್ರಿ. ಅವನಿಗೂ ಏಳು ವರ್ಷದ ಲೆಕ್ಕ ನೋಡಿ. ರಜೆಯಲ್ಲಿ ಕ್ಯಾಲ್ಕುಲಸ್ ಕೈಯಲ್ಲಿ ಹಿಡಿಯಲಿ, ಡಿಪ್ಲೊಮಾದಿಂದ ಬಂದವರು ಮೂರನೇ ಸೆಮಿಸ್ಟರ್‌ನ ಮ್ಯಾಥ್ಸ್‌ನಲ್ಲೇ ಎಡವುವುದು.

ಇನ್ನು ನಿಮ್ಮದು. 27 ಅಂತ ಸಂಕೋಚ ಬೇಡ, ಬಿಎ, ಬಿಕಾಂಗೆ ವಯಸ್ಸು ಅಡ್ಡಿ ಅಲ್ಲ. ಆದರೆ ಪಿಯುಸಿ ಆಗಲೇಬೇಕು. "ಪಿಯುಸಿ ಬೇಡ, ನೇರ ಡಿಗ್ರಿ" ಅನ್ನುವ ಪೋಸ್ಟರ್ ನೋಡಿರುತ್ತೀರಿ, ದಯವಿಟ್ಟು ಆ ಕಡೆ ಹೋಗಬೇಡಿ. ಕಾನೂನು ಓದುವ ನಿಮಗಂತೂ ಅದು ಗುಂಡಿ. ಮೂಲ ವಿದ್ಯಾರ್ಹತೆ ಇಲ್ಲದೆ ನೇರವಾಗಿ ಮುಕ್ತ ವ್ಯವಸ್ಥೆಯಲ್ಲಿ ಡಿಗ್ರಿ ಪಡೆದವರು ಎಲ್‌ಎಲ್‌ಬಿ ಸೇರುವಂತಿಲ್ಲ ಅಂತ ಬಾರ್ ಕೌನ್ಸಿಲ್‌ನ 2008ರ ನಿಯಮದಲ್ಲೇ ಇದೆ. ಮೂರು ವರ್ಷ ಓದಿ, ದುಡ್ಡು ಸುರಿದು, ಕೊನೆಗೆ ಲಾ ಕಾಲೇಜಿನ ಬಾಗಿಲಲ್ಲಿ ಗೊತ್ತಾದರೆ ಏನು ಮಾಡುತ್ತೀರಿ?

ಎಸ್ಸೆಸ್ಸೆಲ್ಸಿ ಪಾಸಾಗಿ ಇಷ್ಟು ವರ್ಷ ಆಗಿರುವುದರಿಂದ ಖಾಸಗಿ ಅಭ್ಯರ್ಥಿಯಾಗಿ ಆರ್ಟ್ಸ್ ಅಥವಾ ಕಾಮರ್ಸ್‌ನಲ್ಲಿ ನೇರ ದ್ವಿತೀಯ ಪಿಯುಸಿ ಪರೀಕ್ಷೆ ಕಟ್ಟಬಹುದು. ಅದು ಬೇಡ ಅಂದರೆ ರಾಷ್ಟ್ರೀಯ ಮುಕ್ತ ಶಾಲೆಯಾದ ಎನ್‌ಐಒಎಸ್‌ನಲ್ಲಿ ಐದು ವಿಷಯ ತೆಗೆದುಕೊಂಡು ಹನ್ನೆರಡನೇ ತರಗತಿ ಮಾಡಿ. ನನ್ನನ್ನು ಕೇಳಿದರೆ ಪಿಯುಸಿಯೇ ವಾಸಿ, ಇಲ್ಲಿಯ ಕಾಲೇಜಿನ ಗುಮಾಸ್ತರಿಗೆ ಅದು ಪರಿಚಿತ, ಪ್ರಶ್ನೆ ಕಡಿಮೆ. ಆಮೇಲೆ ಕೆಲಸ ಬಿಡದೆ ಓದಬೇಕಾದರೆ ಮೈಸೂರಿನ ಕರ್ನಾಟಕ ರಾಜ್ಯ ಮುಕ್ತ ವಿಶ್ವವಿದ್ಯಾಲಯದಲ್ಲಿ ಬಿಎ ಸೇರಿ, ಕಲಬುರಗಿಯಲ್ಲೇ ಅದರ ಪ್ರಾದೇಶಿಕ ಕೇಂದ್ರ ಇದೆ. ಪಿಯುಸಿ ಮುಗಿಸಿ ಮಾಡಿದ ಆ ಡಿಗ್ರಿಯಲ್ಲಿ ಶೇ. 45 ಬಂದರೆ ಮೂರು ವರ್ಷದ ಎಲ್‌ಎಲ್‌ಬಿಗೆ ಅರ್ಹತೆ ಸಿಗುತ್ತದೆ, ಒಬಿಸಿಗೆ 42, ಎಸ್‌ಸಿ, ಎಸ್‌ಟಿಗೆ 40. ಎಲ್‌ಎಲ್‌ಬಿ ಮಾತ್ರ ದೂರಶಿಕ್ಷಣದಲ್ಲಿ ನಡೆಯುವುದಿಲ್ಲ, ಕ್ಲಾಸಿಗೆ ಹೋಗಬೇಕು, ಶೇ. 70 ಹಾಜರಿ ಬೇಕು. ಆ ಮೂರು ವರ್ಷಕ್ಕೆ ಮನೆ ಖರ್ಚು ಹೇಗೆ ಅಂತ ಈಗಿನಿಂದಲೇ ಸ್ವಲ್ಪ ಸ್ವಲ್ಪ ಎತ್ತಿಡಿ. ಮತ್ತೆ ಈ ವಾರದಲ್ಲೇ ಹತ್ತಿರದ ಸರ್ಕಾರಿ ಪಿಯು ಕಾಲೇಜಿಗೆ ಎಸ್ಸೆಸ್ಸೆಲ್ಸಿ ಅಂಕಪಟ್ಟಿ ಹಿಡಿದು ಹೋಗಿ, ಖಾಸಗಿ ಅಭ್ಯರ್ಥಿಗಳ ನೋಂದಣಿಗೆ ಕೊನೆಯ ದಿನ ಯಾವಾಗ ಅಂತ ಕೇಳಿ ಬನ್ನಿ.